ಕುದುರೆ ಕಂಡರೆ ಕಾಲುನೋವು

‘ಕುದುರೆ ಕಂಡರೆ ಕಾಲುನೋವು’ ಅನ್ನೋ ಗಾದೆ ಸೋಮಾರಿಗಳ ಮೇಲಿನದ್ದು. ಅಲ್ಲಿವರೆಗೂ ಆರಾಮಾಗಿ ನಡೀತಿದ್ದವನಿಗೆ ಕುದುರೆ ಕಣ್ಣಿಗೆ ಬಿದ್ದ ಕೂಡಲೇ ಕಾಲು ಹಿಡ್ಕೊಳ್ಳುತ್ತೆ. ಇದರ ಉಲ್ಟಾ ಸ್ಥಿತಿಯೂ ಒಂದಿದೆ. ಕಾಲುನೋವು ನಿಜವಾದದ್ದು, ಕುದುರೆ ಎದುರಿಗೇ ನಿಂತಿದೆ, ಆದರೆ ಹತ್ತುವ ಹಾಗಿಲ್ಲ. ಆಗ ಮನುಷ್ಯ ಏನು ಮಾಡಬೇಕು?

ನಮ್ಮಲ್ಲಿ ಎಷ್ಟು ಜನರ ಹತ್ರ ಕುದುರೆ ಇದೆ ಅಂತ ನೀವು ಕೇಳಬಹುದು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆ ಹೋದರೆ ಎಮ್ಮೆ ಹಿಂಡು ಹೊಡ್ಕೊಂಡು ಹೋಗೋ ಗೌಳಿಗರು ಸಿಗ್ತಾರೆ, ಕುದುರೆ ಸವಾರರು ಸಿಗೋದು ಕಷ್ಟ. ಆದರೆ ಕುದುರೆ ಅಂದ್ರೆ ಕುದುರೆಯೇ ಆಗಬೇಕಿಲ್ಲ. ಶುಕ್ರವಾರ ರಾತ್ರಿ ಬೆಂಗಳೂರಿಂದ ಬಸ್ಸು ಹತ್ತಿ ಗಣೇಶಗುಡಿಗೆ ಬರೋರಿಗೆ ಅದು ಕಾಳಿ ನದಿಯ ರಾಫ್ಟಿಂಗ್. ಇನ್ನೊಬ್ಬರಿಗೆ ಸೈಕಲ್ಲು, ಮತ್ತೊಬ್ಬರಿಗೆ ಬ್ಯಾಡ್ಮಿಂಟನ್. ಹಳಿಯಾಳದ ಹುಡುಗರಿಗೆ ಅದು ಕುಸ್ತಿ.

ಹಳಿಯಾಳ ಕುಸ್ತಿಯ ಊರು. ಅಲ್ಲಿ ಕುಸ್ತಿ ಕಲಿಯೋ ಮಕ್ಕಳಿಗಾಗಿಯೇ ಸರ್ಕಾರದ ಕ್ರೀಡಾ ವಸತಿ ನಿಲಯ ಇದೆ. ಕುಸ್ತಿಯಲ್ಲಿ ಮೊಣಕಾಲು ತಿರುಚಿ ಎಸಿಎಲ್ ಲಿಗಮೆಂಟ್ ಹರಿಯೋದು ಅಪರೂಪವೇನಲ್ಲ. ಆಪರೇಷನ್ ಆದ್ರೆ ಮತ್ತೆ ಅಖಾಡಕ್ಕೆ ಇಳಿಯೋಕೆ ಸಾಮಾನ್ಯವಾಗಿ 9 ತಿಂಗಳಾದ್ರೂ ಬೇಕು, ಕೆಲವರಿಗೆ ವರ್ಷ. ಇದೇ ಗಾಯ ಬೆಂಗಳೂರಿನ ಐಟಿ ಉದ್ಯೋಗಿಗೆ ಆದ್ರೆ ಅವನ ಭಾನುವಾರಗಳು ಹೋಗ್ತವೆ. ಸಂಬಳ ಬರುತ್ತೆ, ಇನ್ಶೂರೆನ್ಸ್ ಇರುತ್ತೆ, ವರ್ಕ್ ಫ್ರಮ್ ಹೋಮ್ ಇರುತ್ತೆ. ಪೊಲೀಸ್, ರೈಲ್ವೆ ಅಥವಾ ಸೇನೆಯ ಸ್ಪೋರ್ಟ್ಸ್ ಕೋಟಾ ನಂಬಿಕೊಂಡ ಹದಿನೇಳರ ಹುಡುಗನಿಗಾದ್ರೆ ಇಡೀ ಮನೆಯ ಲೆಕ್ಕಾಚಾರವೇ ತಲೆಕೆಳಗಾಗುತ್ತೆ. ಗಾಯದ ಬಗ್ಗೆ ತತ್ವ ಮಾತಾಡೋ ಮೊದಲು ಈ ವ್ಯತ್ಯಾಸವನ್ನ ಒಪ್ಪಿಕೊಳ್ಳಬೇಕು. ಇಲ್ಲದಿದ್ರೆ ನಮ್ಮ ತತ್ವ ಹೊಟ್ಟೆ ತುಂಬಿದವರ ಹರಟೆ ಆಗುತ್ತೆ.

ಗಾಯ ಆದವರಿಗೆ ನಾವು ಹೇಳೋ ಸಮಾಧಾನಗಳು ಮುಖ್ಯವಾಗಿ ಎರಡು. ಮೊದಲನೆಯದು, ‘ಆಗೋದೆಲ್ಲ ಒಳ್ಳೇದಕ್ಕೆ’. ಇದಕ್ಕೆ ಸಾಕ್ಷಿಯಾಗಿ ವಾಟ್ಸಾಪಿನಲ್ಲಿ ಒಂದು ಹಳೇ ಚೀನಾ ಕತೆ ಓಡಾಡ್ತಾ ಇರುತ್ತೆ. ಮುದುಕನ ಕುದುರೆ ಓಡಿಹೋಗುತ್ತೆ, ಆಮೇಲೆ ಇನ್ನೊಂದು ಕುದುರೆ ಜೊತೆ ವಾಪಸ್ ಬರುತ್ತೆ. ಮಗ ಅದನ್ನ ಹತ್ತಿ ಬಿದ್ದು ಕಾಲು ಮುರ್ಕೊಳ್ತಾನೆ. ಯುದ್ಧ ಬಂದಾಗ, ಕಾಲು ಮುರಿದಿದ್ದಕ್ಕೇ ಅವನು ಉಳೀತಾನೆ. ನೋಡಿ, ಕಾಲು ಮುರಿದಿದ್ದು ಒಳ್ಳೇದೇ ಆಯ್ತಲ್ಲ ಅಂತ ಎಮೋಜಿ ಹಾಕಿ ಮುಗಿಸ್ತೀವಿ. ಕತೆ ಹೇಳೋದು ಅದನ್ನಲ್ಲ. ಒಳ್ಳೇದು ಯಾವುದು, ಕೆಟ್ಟದ್ದು ಯಾವುದು ಅಂತ ಇವತ್ತೇ ತೀರ್ಪು ಕೊಡಬೇಡಿ ಅನ್ನುತ್ತೆ, ಅಷ್ಟೇ. ಅಲ್ಲದೆ ಆ ಯುದ್ಧದಲ್ಲಿ ಊರಿನ ಉಳಿದ ಹುಡುಗರಲ್ಲಿ ಹೆಚ್ಚಿನವರು ಸತ್ತರು. ನನ್ನ ಕಾಲು ಮುರಿದದ್ದಕ್ಕೆ ಅರ್ಥ ಸಿಗೋಕೆ ಪಕ್ಕದ ಮನೆಯವರ ಮಗ ಸಾಯಬೇಕು ಅಂದ್ರೆ ಅದೆಂಥಾ ಸಮಾಧಾನ?

ಎರಡನೆಯದು ಕಮ್‌ಬ್ಯಾಕ್ ಕತೆ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್‌ಗೆ 1944ರಲ್ಲಿ ಪೋಲಿಯೋ ಬಂತು. ಆಗ ಆಕೆ ಗರ್ಭಿಣಿ. ಮೊಣಕಾಲಿನಿಂದ ಕೆಳಗೆ ಶಕ್ತಿ ವಾಪಸ್ ಬರಲೇ ಇಲ್ಲ. ಆದರೂ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ, ಮಹಿಳೆಯರಿಗೆ ಡ್ರೆಸಾಜ್ ಸ್ಪರ್ಧೆ ತೆರೆದ ಮೊದಲ ಸಲವೇ, ಗಂಡಸರ ಜೊತೆ ಸ್ಪರ್ಧಿಸಿ ಬೆಳ್ಳಿ ಗೆದ್ದಳು. 1956ರಲ್ಲಿ ಮತ್ತೆ ಬೆಳ್ಳಿ. ಇದನ್ನ ಮನೋಬಲದ ಗೆಲುವು ಅಂತ ಹೇಳಿ ಚಪ್ಪಾಳೆ ತಟ್ಟೋದು ಸುಲಭ. ನಾವು ಬಿಟ್ಟುಬಿಡೋ ಒಂದು ವಿವರ ಇದೆ: ಕುದುರೆ ಹತ್ತೋಕೆ, ಇಳಿಯೋಕೆ ಆಕೆಗೆ ಬೇರೆಯವರು ಬೇಕಿತ್ತು. ಪದಕ ತಗೊಳ್ಳೋಕೆ ವೇದಿಕೆ ಹತ್ತುವಾಗ ಕೈಹಿಡಿದು ಸಹಾಯ ಮಾಡಿದ್ದು ಚಿನ್ನ ಗೆದ್ದ ಸ್ವೀಡನ್ನಿನ ಸವಾರ.

ಇನ್ನೊಂದು ಕಡೆ ಕ್ರಿಸ್ಟೋಫರ್ ರೀವ್. ‘ಸೂಪರ್‌ಮ್ಯಾನ್’ ಆಗಿದ್ದ ನಟ. 1995ರ ಮೇ ತಿಂಗಳಲ್ಲಿ ವರ್ಜೀನಿಯಾದ ಒಂದು ಸ್ಪರ್ಧೆಯಲ್ಲಿ ಕುದುರೆ ಬೇಲಿ ಹಾರದೆ ನಿಂತುಬಿಟ್ಟಿತು, ಇವನು ಬಿದ್ದ, ಕುತ್ತಿಗೆ ಮುರಿಯಿತು. ಮತ್ತೆ ಯಾವತ್ತೂ ನಡೆಯಲಿಲ್ಲ. ಕುದುರೆಯನ್ನ ದೂರಲಿಲ್ಲ. 2004ರಲ್ಲಿ ಸಾಯುವವರೆಗೂ ಬೆನ್ನುಹುರಿ ಗಾಯದ ಸಂಶೋಧನೆಗಾಗಿ ದುಡಿದ. ಹಾಗಾದ್ರೆ ಹಾರ್ಟೆಲ್‌ಗಿಂತ ರೀವ್‌ಗೆ ಮನೋಬಲ ಕಡಿಮೆ ಇತ್ತಾ? ಖಂಡಿತ ಇಲ್ಲ. ಮುರಿದ ಜಾಗ ಬೇರೆ, ಅಷ್ಟೇ. ವಾಪಸ್ ಬಂದವರನ್ನ ಮಾತ್ರ ಹೊಗಳೋ ನಮ್ಮ ಚಟ, ವಾಪಸ್ ಬರಲಾಗದವರಿಗೆ ಸುಮ್ಮನೆ ಸೋಲಿನ ಪಟ್ಟ ಕಟ್ಟುತ್ತೆ.

ಹಳಿಯಾಳದಿಂದ ಮುಂಡಗೋಡ ದೂರವೇನಲ್ಲ. ಅಲ್ಲಿನ ಟಿಬೆಟನ್ ನೆಲೆಯಲ್ಲಿರೋ ಗಾಂದೆನ್, ದ್ರೆಪುಂಗ್ ಮಠಗಳಲ್ಲಿ ಎಂಟನೇ ಶತಮಾನದ ಶಾಂತಿದೇವನನ್ನ ಇವತ್ತಿಗೂ ಓದ್ತಾರೆ. ಅವನ ‘ಬೋಧಿಚರ್ಯಾವತಾರ’ದಲ್ಲಿ ತಾಳ್ಮೆಯ ಮೇಲೆಯೇ ಒಂದು ಅಧ್ಯಾಯ ಇದೆ. ಅಲ್ಲಿ ಬರೋ ವಾದದ ಸಾರ ಇಷ್ಟು: ಸರಿ ಮಾಡಬಹುದಾದ್ದಕ್ಕೆ ದುಃಖ ಪಡೋ ಅಗತ್ಯ ಇಲ್ಲ, ಸರಿ ಮಾಡಲಾಗದ್ದಕ್ಕೆ ದುಃಖ ಪಟ್ಟು ಪ್ರಯೋಜನ ಇಲ್ಲ. ತರ್ಕ ಗಟ್ಟಿಯಾಗಿದೆ. ಆದರೆ ಗಾಯ ಆದವರು ಇರೋದು ಇವೆರಡರ ನಡುವೆ. ಡಾಕ್ಟರು ‘ಆರು ವಾರ ಬಿಟ್ಟು ನೋಡೋಣ’ ಅಂತಾರೆ. ಆರು ವಾರ ಆದ್ಮೇಲೆ ‘ಇನ್ನೊಂದು ಎಂಆರ್‌ಐ ಮಾಡಿಸೋಣ’ ಅಂತಾರೆ. ಸರಿಹೋಗುತ್ತೋ ಇಲ್ಲವೋ ಗೊತ್ತಿಲ್ಲದ ಈ ಕಾಲ ಇದೆಯಲ್ಲ, ಜೀವ ಹಿಂಡೋದು ಇದೇ. ಆಸೆ ಬಿಡೋಕಾಗಲ್ಲ, ಇಟ್ಕೊಳ್ಳೋಕೂ ಭಯ.

ಈ ನಡುವಿನ ಕಾಲಕ್ಕೆ ಉತ್ತರ ಕುದುರೆಯ ಕಡೆಯಿಂದಲೇ ಸಿಗುತ್ತೆ ಅನ್ಸುತ್ತೆ. ನಿಮ್ಮ ಕಾಲು ಮುರಿದ್ರೂ ಕುದುರೆಗೆ ಹಸಿವಾಗುತ್ತೆ. ಅದಕ್ಕೆ ಹುಲ್ಲು ಹಾಕಬೇಕು, ನೀರಿಡಬೇಕು, ಲಾಯ ಗುಡಿಸಬೇಕು, ಗೊರಸು ನೋಡಬೇಕು. ದಿನವಿಡೀ ಕಟ್ಟಿಹಾಕಿದ್ರೆ ಕಸುವು ಕಳ್ಕೊಳ್ಳುತ್ತೆ, ಹಾಗಾಗಿ ಯಾರಾದ್ರೂ ಓಡಾಡಿಸಲೇಬೇಕು. ಅಂದ್ರೆ ಸವಾರಿ ಬೇರೆ, ಕುದುರೆ ಬೇರೆ. ಗಾಯ ತಡೆದಿರೋದು ಸವಾರಿಯನ್ನ ಮಾತ್ರ. ಕುದುರೆಯಿಂದ ನನಗೆ ಬರ್ತಿದ್ದ ಪಾಲು ನಿಂತಿದೆ, ನನ್ನಿಂದ ಕುದುರೆಗೆ ಹೋಗಬೇಕಾದ ಪಾಲು ನಿಂತಿಲ್ಲ. ನಾನು ಪ್ರೀತಿಸಿದ್ದು ಕುದುರೆಯನ್ನೋ, ಕುದುರೆ ಮೇಲೆ ಕೂತ ನನ್ನನ್ನೋ ಅನ್ನೋದು ಆಗ ತಿಳಿಯುತ್ತೆ.

ಗರಡಿಮನೆಯಲ್ಲಿ ಇದಕ್ಕೆ ಮೊದಲಿಂದಲೂ ಜಾಗ ಇದೆ. ಕುಸ್ತಿ ಆಡಲಾಗದ ಪೈಲ್ವಾನ ಮಣ್ಣು ಹದ ಮಾಡ್ತಾನೆ, ಚಿಕ್ಕ ಹುಡುಗರ ಬೈಠಕ್ ಎಣಿಸ್ತಾನೆ, ಯಾರ ಕಾಲು ಎಲ್ಲಿ ತಪ್ಪಾಗಿ ಬಿತ್ತು ಅಂತ ಹೇಳ್ತಾನೆ. ವಸ್ತಾದರು ಅಂತ ನಾವು ಕರಿಯೋ ಹಿರಿಯರೆಲ್ಲ ಒಂದಲ್ಲ ಒಂದು ದಿನ ಕುಸ್ತಿ ಬಿಟ್ಟವರೇ, ಗರಡಿ ಬಿಟ್ಟವರಲ್ಲ.

ಹೇಳಿದಷ್ಟು ಸುಲಭ ಅಲ್ಲ ಇದು. ನಮ್ಮ ಕುದುರೆಯ ಲಗಾಮನ್ನ ಇನ್ನೊಬ್ಬರ ಕೈಗೆ ಕೊಟ್ಟು, ಅವರು ಹತ್ತಿ ಹೋಗೋದನ್ನ ಬೇಲಿ ಪಕ್ಕ ನಿಂತು ನೋಡೋದು ಹೊಟ್ಟೆ ಉರಿಸೋ ಕೆಲಸ. ಕುದುರೆ ಅವರ ಮಾತು ಚೆನ್ನಾಗಿ ಕೇಳಿದ್ರಂತೂ ಮುಗೀತು. ಹೊಟ್ಟೆಕಿಚ್ಚು ಬಂದ್ರೆ ಬರಲಿ, ಅದೇನು ಪಾಪವಲ್ಲ. ಹೊಟ್ಟೆಕಿಚ್ಚಿಗಾಗಿ ಕುದುರೆಯನ್ನ ಲಾಯದಲ್ಲೇ ಕಟ್ಟಿಹಾಕಿದ್ರೆ ಮಾತ್ರ ತಪ್ಪು. ಕೆಲವು ದಿನ ನೋಡೋಕೇ ಆಗಲ್ಲ ಅನ್ಸಿದ್ರೆ ಹೋಗದೇ ಇರಿ, ಟ್ರೆಕ್ಕಿಂಗ್ ಗ್ರೂಪನ್ನ ಮ್ಯೂಟ್ ಮಾಡಿ. ಆದರೆ ಹುಲ್ಲು ಹಾಕೋಕೆ ಯಾರಿಗಾದ್ರೂ ಹೇಳಿ ಹೋಗಿ. ಹಾಗೇ, ನಿಮ್ಮನ್ನ ಎತ್ತಿ ಕೂರಿಸೋಕೆ ಯಾರಾದ್ರೂ ಕೈ ಚಾಚಿದ್ರೆ ಬೇಡ ಅನ್ನಬೇಡಿ. ಹಾರ್ಟೆಲ್ ಅನ್ನಲಿಲ್ಲ.

ಮುಂಡಗೋಡದ ಆ ನೆಲೆ ಶುರುವಾದದ್ದು 1966ರಲ್ಲಿ. ಬಂದವರು ಕುದುರೆಗಳ ನಾಡಿನವರು, ಬಂದು ಸೇರಿದ್ದು ಜೋಳ, ಭತ್ತ ಬೆಳೆಯೋ ನಾಡಿಗೆ. ಅವರ ಮನೆಗಳ ಮೇಲೆ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು ಹಾರಾಡ್ತವಲ್ಲ, ಅವನ್ನ ‘ಲುಂಗ್ತಾ’ ಅಂತಾರೆ. ಹಾಗಂದ್ರೆ ಗಾಳಿಕುದುರೆ. ಬೆನ್ನ ಮೇಲೆ ರತ್ನ ಹೊತ್ತ ಕುದುರೆಯ ಚಿತ್ರ ಬಟ್ಟೆಯ ನಡುವೆ ಇರುತ್ತೆ. ಬಟ್ಟೆಯ ಕುದುರೆ ನಿಜವಾದ ಕುದುರೆ ಅಲ್ಲ, ಬೆಟ್ಟದ ಮೇಲೆ ಸವಾರಿ ಮಾಡಿ ಬಂದ ಹಿರಿಯರಿಗೆ ಇದನ್ನ ಯಾರೂ ಹೇಳಿಕೊಡಬೇಕಿಲ್ಲ. ಬಿಸಿಲಿಗೆ ಬಣ್ಣ ಹೋಗುತ್ತೆ, ಮಳೆಗಾಲಕ್ಕೆ ಹರಿದುಹೋಗುತ್ತೆ. ಲೋಸಾರ್ ಹಬ್ಬಕ್ಕೆ ಮತ್ತೆ ಹೊಸದನ್ನ ಕಟ್ತಾರೆ.