ಸಮಾಧಾನ: ಉತ್ತಮ ಪುರುಷ, ಏಕವಚನ

ಎರಡು ವರ್ಷದ ಹಿಂದೆ ನಮ್ಮ ವಿಶ್ವವಿದ್ಯಾಲಯದಲ್ಲಿ ಸಂಶೋಧನಾರ್ಥಿಗಳಿಗಾಗಿ ಒಂದು ದಿನದ ಕಾರ್ಯಾಗಾರ ನಡೆಯಿತು. ವಿಷಯ, ಸಕಾರಾತ್ಮಕ ಚಿಂತನೆ ಮತ್ತು ಒತ್ತಡ ನಿರ್ವಹಣೆ. ಹಾಜರಾತಿ ಕಡ್ಡಾಯ. ಆಗ ನಮಗೆ ಫೆಲೋಶಿಪ್ ಬಾರದೆ ಏಳು ತಿಂಗಳಾಗಿತ್ತು. ಹಾಗಾಗಿ ಸೆಮಿನಾರ್ ಹಾಲಿನಲ್ಲಿ ಕೂತವರಿಗೆಲ್ಲ ಮಧ್ಯಾಹ್ನದ ಊಟವೇ ಆ ದಿನದ ನಿಜವಾದ ಸಕಾರಾತ್ಮಕ ಅಂಶವಾಗಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ.

ತರಬೇತುದಾರರು ಒಳ್ಳೆಯವರೇ. ನಗುಮುಖ, ಸ್ಪಷ್ಟವಾದ ಕನ್ನಡ. ಊಟದ ನಂತರ ಒಬ್ಬೊಬ್ಬರಿಗೂ ಒಂದೊಂದು ಬಲೂನು, ಸ್ಕೆಚ್ ಪೆನ್ನು ಕೊಟ್ಟರು. ನಿಮ್ಮ ಚಿಂತೆಗಳನ್ನೆಲ್ಲ ಬಲೂನಿನ ಮೇಲೆ ಬರೆಯಿರಿ, ಒಂದು ಎರಡು ಮೂರು ಅಂದಾಗ ಒಡೆದುಬಿಡಿ ಅಂದರು. ನಾನು 'ಫೆಲೋಶಿಪ್' ಎಂದು ಬರೆದು ಒಡೆದೆ. ಹಾಲಿನ ತುಂಬ ಪಟಪಟ ಸದ್ದು, ನಗು, ಚಪ್ಪಾಳೆ. ಪಕ್ಕದಲ್ಲಿ ಕೂತಿದ್ದ ನನ್ನ ರೂಮ್‌ಮೇಟ್ ಮಾತ್ರ ಒಡೆಯಲಿಲ್ಲ. ಸಾಗರದ ಕಡೆಯ ಹುಡುಗ, ಅಕ್ಷರ ದುಂಡಗೆ. ಬಲೂನಿನ ಸುತ್ತಲೂ ಸಣ್ಣದಾಗಿ ಬರೆದಿದ್ದ: ಮೆಸ್ ಬಿಲ್ಲು, ಅಪ್ಪನ ಸೊಸೈಟಿ ಸಾಲ, ನಾಲ್ಕು ತಿಂಗಳಿಂದ ಗೈಡ್ ಟೇಬಲ್ಲಿನ ಮೇಲೆ ಕೂತಿರುವ ಎರಡನೇ ಅಧ್ಯಾಯ. ಅದನ್ನು ಹಾಗೇ ಹಾಸ್ಟೆಲ್ಲಿಗೆ ತಂದು ಕಿಟಕಿಗೆ ಕಟ್ಟಿದ. ವಾರದಲ್ಲಿ ಅದು ಮುದುಡಿ ನಿಂಬೆಹಣ್ಣಿನಷ್ಟಾಯಿತು. ಅಕ್ಷರಗಳೂ ಕುಗ್ಗಿ ಒತ್ತೊತ್ತಾದವು. ಅಳಿಸಿಹೋಗಲಿಲ್ಲ.

ಅದಾಗಿ ಕೆಲವು ದಿನಕ್ಕೆ, ರಾತ್ರಿ ಹನ್ನೊಂದರ ಹೊತ್ತು, ಅವನು ಮಲಗಿದ್ದಲ್ಲಿಂದಲೇ, "ನನ್ ಕೈಲಿ ಆಗ್ತಾ ಇಲ್ಲ ಮಾರಾಯ" ಅಂದ. ನಾನು ಮರುದಿನ ಒಪ್ಪಿಸಬೇಕಿದ್ದ ಲೇಖನದ ಅಡಿಟಿಪ್ಪಣಿ ಸರಿಮಾಡುತ್ತಿದ್ದೆ. ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ ಹೇಳಿದೆ: "ಪಾಸಿಟಿವ್ ಆಗಿ ಯೋಚನೆ ಮಾಡೋ, ಎಲ್ಲಾ ಸರಿಹೋಗುತ್ತೆ." ಅವನು "ಹ್ಞೂಂ" ಅಂದು ಗೋಡೆ ಕಡೆ ತಿರುಗಿದ. ಮೂರು ತಿಂಗಳ ಮೇಲೆ ಪಿಎಚ್.ಡಿ. ಬಿಟ್ಟು ಊರಿಗೆ ಹೋದ. ನನ್ನ ಒಂದು ಮಾತಿನಿಂದ ಹಾಗಾಯಿತು ಎಂದುಕೊಳ್ಳುವಷ್ಟು ದೊಡ್ಡವನು ನಾನಲ್ಲ. ಕಾರಣಗಳೆಲ್ಲ ಬಲೂನಿನ ಮೇಲೇ ಇದ್ದವು. ಆದರೂ ಆ "ಹ್ಞೂಂ" ನನ್ನನ್ನು ಬಿಟ್ಟಿಲ್ಲ.

ನಾನು ಹೇಳಿದ್ದರಲ್ಲಿ ತಪ್ಪೇನಿತ್ತು? ಅದೇ ಮಾತನ್ನು ನನಗೆ ನಾನು ದಿನಾ ಹೇಳಿಕೊಳ್ಳುತ್ತೇನೆ, ಅದರಿಂದ ಉಪಯೋಗವೂ ಆಗಿದೆ. ನನಗೆ ಉಪಕಾರ ಮಾಡಿದ ಮಾತು ಅವನ ಬಾಯಿ ಮುಚ್ಚಿಸಿದ್ದು ಹೇಗೆ?

ನನ್ನ ಸಂಶೋಧನೆ ಹಳಗನ್ನಡ ವ್ಯಾಕರಣದ ಮೇಲೆ. ಅದಕ್ಕೋ ಏನೋ, ಉತ್ತರವನ್ನೂ ಅಲ್ಲೇ ಹುಡುಕುವ ಚಾಳಿ. ನಮ್ಮ ವ್ಯಾಕರಣದಲ್ಲಿ 'ನಾನು' ಉತ್ತಮ ಪುರುಷ, 'ನೀನು' ಮಧ್ಯಮ ಪುರುಷ. ಪುರುಷ ಬದಲಾದರೆ ಕ್ರಿಯಾಪದದ ಪ್ರತ್ಯಯ ಬದಲಾಗುತ್ತದೆ, ಅರ್ಥ ಹಾಗೇ ಉಳಿಯುತ್ತದೆ ಎಂದು ಕಲಿತಿದ್ದೇವೆ. ಆದರೆ ಕೆಲವು ಮಾತುಗಳಲ್ಲಿ ಅರ್ಥವೂ ಬದಲಾಗಿಬಿಡುತ್ತದೆ ಎಂದು ನನಗೀಗ ಅನ್ನಿಸುತ್ತಿದೆ. ಉತ್ತಮ ಪುರುಷದಲ್ಲಿ ವಿವೇಕವಾಗಿದ್ದದ್ದು ಮಧ್ಯಮ ಪುರುಷಕ್ಕೆ ಬಂದಾಗ ಅನ್ಯಾಯವಾಗಬಹುದು.

ಇಂದಿನ ಒತ್ತಡ ನಿರ್ವಹಣೆಯ ಬಹುಪಾಲು ಉಪದೇಶಕ್ಕೆ ಮೂಲಪುರುಷನಂತಿರುವವನು ಎಪಿಕ್ಟೀಟಸ್. ಕ್ರಿಸ್ತಶಕ ಒಂದನೇ ಶತಮಾನದಲ್ಲಿ, ಇಂದಿನ ಟರ್ಕಿಯಲ್ಲಿರುವ ಹೈರಾಪೊಲಿಸ್‌ನಲ್ಲಿ ಹುಟ್ಟಿದವನು. ರೋಮಿನಲ್ಲಿ, ಚಕ್ರವರ್ತಿ ನೀರೋನ ಕಾರ್ಯದರ್ಶಿಯಾಗಿದ್ದವನ ಮನೆಯಲ್ಲಿ ಗುಲಾಮನಾಗಿದ್ದ. ಕೆಲವು ಸಂಗತಿಗಳು ನಮ್ಮ ಹತೋಟಿಯಲ್ಲಿವೆ, ಕೆಲವು ಇಲ್ಲ; ಕಂಗೆಡಿಸುವುದು ಘಟನೆಗಳಲ್ಲ, ಅವುಗಳ ಬಗ್ಗೆ ನಾವು ಮಾಡಿಕೊಳ್ಳುವ ತೀರ್ಮಾನಗಳು. ಅವನ ಬೋಧನೆಯ ತಿರುಳು ಇಷ್ಟು. ಇಪ್ಪತ್ತನೇ ಶತಮಾನದ ನಡುವೆ ಅಮೆರಿಕದ ಮನೋವಿಜ್ಞಾನಿ ಆಲ್ಬರ್ಟ್ ಎಲ್ಲಿಸ್ ತನ್ನ ಚಿಕಿತ್ಸಾಕ್ರಮ ರೂಪಿಸುವಾಗ ಈ ಮಾತಿನ ಋಣವನ್ನು ಒಪ್ಪಿಕೊಂಡ. ಅಲ್ಲಿಂದ ಅದು ಪುಸ್ತಕಗಳಿಗೆ, ಕಂಪನಿಗಳ ತರಬೇತಿ ಕೋಣೆಗಳಿಗೆ, ಕೊನೆಗೆ ನಮ್ಮ ಸೆಮಿನಾರ್ ಹಾಲಿಗೂ ಬಂತು.

ದೇಹ ತನ್ನದಲ್ಲದವನು, ಮನಸ್ಸಾದರೂ ನನ್ನದು ಎಂದು ಹೇಳಿಕೊಂಡರೆ ಅದು ಬಿಡುಗಡೆ. ಅವನನ್ನು ಕೊಂಡ ಯಜಮಾನ ಅದೇ ಮಾತನ್ನು ಅವನ ಮುಂದೆ ನಿಂತು ಹೇಳಿದನೆನ್ನಿ: ನೋಡಪ್ಪಾ, ಸಂಕೋಲೆ ನಿನ್ನನ್ನು ನೋಯಿಸುತ್ತಿಲ್ಲ, ಸಂಕೋಲೆಯ ಬಗ್ಗೆ ನೀನು ಮಾಡಿಕೊಂಡ ಅಭಿಪ್ರಾಯ ನೋಯಿಸುತ್ತಿದೆ. ವಾಕ್ಯ ಅದೇ. ಸಂಕೋಲೆಯ ಬೀಗದಕೈ ಮಾತ್ರ ಹೇಳುತ್ತಿರುವವನ ಸೊಂಟದಲ್ಲಿದೆ.

ಎಪಿಕ್ಟೀಟಸ್‌ನ ಮಾತುಗಳನ್ನು ಮುಂದೆ ಶ್ರದ್ಧೆಯಿಂದ ಓದಿಕೊಂಡವನು ಚಕ್ರವರ್ತಿ ಮಾರ್ಕಸ್ ಅರೇಲಿಯಸ್. ಅವನ ಪುಸ್ತಕದ ತುಂಬ 'ನೀನು' ಬರುತ್ತದೆ: ಏಳು, ಸಹಿಸು, ಸಿಟ್ಟಾಗಬೇಡ ಎಂಬ ಧಾಟಿ. ಆದರೆ ಆ ಪುಸ್ತಕಕ್ಕೆ ಗ್ರೀಕಿನಲ್ಲಿ ಉಳಿದು ಬಂದಿರುವ ಹೆಸರಿನ ಅರ್ಥ 'ತನಗೇ' ಎಂದು. ಆಜ್ಞೆ ಕೊಡುವುದೇ ಕೆಲಸವಾಗಿದ್ದ ಮನುಷ್ಯ ಈ ಒಂದು ಆಜ್ಞೆಯನ್ನು ತನಗಷ್ಟೇ ಕೊಟ್ಟುಕೊಂಡ.

ನಮ್ಮಲ್ಲೂ ಇದೇ ನಡವಳಿಕೆಯಿದೆ. ದಾಸರು ಪದೇಪದೇ ಕರೆದು ಬುದ್ಧಿ ಹೇಳುವುದು 'ಮನವೇ' ಎಂದು. ತಳಮಳಗೊಳ್ಳಬೇಡ ಎಂದು ಸಂತೈಸುವ ಕನಕದಾಸರ ಪ್ರಸಿದ್ಧ ಕೀರ್ತನೆಯಲ್ಲಿ ಸಮಾಧಾನ ಹೇಳಿಸಿಕೊಳ್ಳುತ್ತಿರುವುದು ಅವರದೇ ಮನಸ್ಸು. 1943ರಲ್ಲಿ ಬಂದ ಡಿ.ವಿ.ಜಿ.ಯವರ ಕಗ್ಗದ 900ಕ್ಕೂ ಹೆಚ್ಚು ಪದ್ಯಗಳಲ್ಲಿ ಬುದ್ಧಿ ಹೇಳಿಸಿಕೊಳ್ಳುವವನು ಮಂಕುತಿಮ್ಮ. ನಾನು ಓದಿಕೊಳ್ಳುವ ಪ್ರಕಾರ ಆ ಮಂಕ ಓದುಗನಲ್ಲ, ಹೇಳುತ್ತಿರುವವನೇ. ಈಗ ಬೆಳಿಗ್ಗೆ ಆರೂವರೆಗೆ ಆ ಪದ್ಯಗಳು ಸೂರ್ಯೋದಯದ ಚಿತ್ರದೊಂದಿಗೆ ಫ್ಯಾಮಿಲಿ ಗ್ರೂಪಿಗೆ ಬರುತ್ತವೆ. ಕಳಿಸುವವರ ಮನಸ್ಸಿನಲ್ಲಿ ಮಂಕುತಿಮ್ಮ ಯಾರು ಎಂಬುದು ಗ್ರೂಪಿನಲ್ಲಿದ್ದವರಿಗೆಲ್ಲ ಚೆನ್ನಾಗಿ ಗೊತ್ತಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣ ಪಟ್ಟಿಯಲ್ಲಿ, ಕೆಲಸ ಮಾಡಿ ಮಾಡಿ ಬತ್ತಿಹೋಗುವ 'ಬರ್ನ್‌ಔಟ್' ಸ್ಥಿತಿಯ ವಿವರಣೆಯಿದೆ. ಅದನ್ನು ಕಾಯಿಲೆ ಎಂದು ಕರೆದಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಿದ್ದಾರೆ. ಕೆಲಸದ ಜಾಗದ ದೀರ್ಘಕಾಲದ ಒತ್ತಡವು ಸರಿಯಾಗಿ ನಿರ್ವಹಿಸಲ್ಪಡದೆ ಹೋದಾಗ ಉಂಟಾಗುವುದು ಎಂಬುದು ಅದರ ಸಾರ. ಯಾರಿಂದ ನಿರ್ವಹಿಸಲ್ಪಡದೆ? ಕರ್ಮಣಿ ಪ್ರಯೋಗದಲ್ಲಿ ಕರ್ತೃ ಮರೆಯಾಗಬಹುದು ಎಂದು ನಾವು ಮಕ್ಕಳಿಗೆ ಪಾಠ ಮಾಡುತ್ತೇವೆ. ಇಲ್ಲಿ ಆ ಖಾಲಿ ಜಾಗದಲ್ಲಿ ಸಂಸ್ಥೆಯನ್ನೂ ಕೂರಿಸಬಹುದು, ನೌಕರನನ್ನೂ ಕೂರಿಸಬಹುದು. ನಮ್ಮ ಕಾರ್ಯಾಗಾರದಲ್ಲಿ ಆ ಜಾಗದಲ್ಲಿ ಕೂತದ್ದು ನಾವು, ಕೈಯಲ್ಲಿ ಬಲೂನು ಹಿಡಿದುಕೊಂಡು. ಏಳು ತಿಂಗಳು ಹಣ ತಡೆದ ಕಚೇರಿಯಿಂದ ಯಾರೂ ಬಂದು ಬಲೂನು ಊದಲಿಲ್ಲ.

ಹಾಗೆಂದು ಮನಸ್ಸಿನ ಕೆಲಸವೆಲ್ಲ ಮೋಸ ಎನ್ನಲು ನಾನು ಸಿದ್ಧನಿಲ್ಲ. ಮೊದಲ ವರ್ಷ ನನ್ನ ಗೈಡ್ ಕೆಂಪು ಶಾಯಿಯಲ್ಲಿ 'ಇದು ಸಾಲದು' ಎಂದು ಬರೆದರೆ ನಾನು 'ನೀನು ಸಾಲದವನು' ಎಂದು ಓದಿಕೊಳ್ಳುತ್ತಿದ್ದೆ. ಎರಡು ದಿನ ಊಟ ಸೇರುತ್ತಿರಲಿಲ್ಲ. ಒಂದು ನೋಟ್‌ಬುಕ್ ಇಟ್ಟು, ಅವರು ಬರೆದದ್ದನ್ನು ಎಡಗಡೆ, ನಾನು ಓದಿಕೊಂಡದ್ದನ್ನು ಬಲಗಡೆ ಬರೆಯುತ್ತಾ ಹೋದೆ. ಎಡಗಡೆ ಸಾಮಾನ್ಯವಾಗಿ ಒಂದು ಸಾಲು, ಬಲಗಡೆ ಅರ್ಧ ಪುಟ. ಆ ಅರ್ಧ ಪುಟ ಪೂರ್ತಿ ನನ್ನ ಸ್ವಂತ ಕೃತಿ ಎಂದು ಗೊತ್ತಾದಮೇಲೆ ಉಸಿರಾಟ ಹಗುರವಾಯಿತು. ಇದು ಎಪಿಕ್ಟೀಟಸ್ ಕೊಟ್ಟ ಉಪಕಾರವೇ. ಆದರೆ ಅದೇ ನೋಟ್‌ಬುಕ್ಕಿನಲ್ಲಿ 'ಫೆಲೋಶಿಪ್ ಬಂದಿಲ್ಲ' ಎಂದು ಎಡಗಡೆ ಬರೆದ ದಿನ ಬಲಗಡೆಗೆ ಏನೂ ತೋಚಲಿಲ್ಲ. ಅಲ್ಲಿ ತಪ್ಪು ಓದಿಕೊಳ್ಳುವುದಕ್ಕೆ ಏನೂ ಇರಲಿಲ್ಲ. ಬಂದಿರಲಿಲ್ಲ, ಅಷ್ಟೆ.

ಹಾಗಾದರೆ ಇನ್ನೊಬ್ಬರಿಗೆ ಧೈರ್ಯ ಹೇಳುವುದೇ ತಪ್ಪೇ? ಇಲ್ಲಿ ನನ್ನ ವ್ಯಾಕರಣ ನನ್ನ ಅಮ್ಮನ ಮುಂದೆ ಸೋಲುತ್ತದೆ. ತುಮಕೂರು ಜಿಲ್ಲೆಯ ನಮ್ಮೂರಿನ ಶಾಲೆಯಲ್ಲಿ ಅಮ್ಮ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಜೊತೆಗೆ ಇನ್ನೊಬ್ಬರು, ನಾನು ದೊಡ್ಡಮ್ಮ ಎಂದು ಕರೆಯುವವರು. ಒಮ್ಮೆ ನಡುವೆ ಸಿಲಿಂಡರ್ ಖಾಲಿಯಾಗಿ, ಇಬ್ಬರೂ ಹಿತ್ತಲಲ್ಲಿ ಕಲ್ಲು ಹೂಡಿ ಸೌದೆ ಒಲೆಯಲ್ಲಿ ಸಾಂಬಾರು ಮುಗಿಸಿದರು, ಹೊಗೆಯಲ್ಲಿ ಕೆಮ್ಮುತ್ತಾ, ಒಬ್ಬರನ್ನೊಬ್ಬರು ರೇಗಿಸುತ್ತಾ. ನೋಡಿದವರೊಬ್ಬರು, "ಎಷ್ಟು ಕಷ್ಟ ಇದ್ರೂ ನಗ್ತಾನೇ ಇರ್ತೀರಲ್ಲಮ್ಮಾ, ನಿಮ್ಮನ್ನ ನೋಡಿ ಕಲೀಬೇಕು" ಎಂದು ಮೆಚ್ಚಿಕೊಂಡರಂತೆ. ರಾತ್ರಿ ಫೋನಿನಲ್ಲಿ ಅಮ್ಮ ಹೇಳಿದಳು: "ಹೊಗೆ ತಡ್ಯಕ್ಕಾಗ್ದೆ ನಕ್ಕಿದ್ದು ಕಣಪ್ಪ. ಕಲಿಯೋದು ಆಮೇಲಾಯ್ತು, ಇನ್ನೊಂದು ಸಿಲಿಂಡರ್ ತರಿಸ್ಲಿ."

ಆದರೆ ಇದೇ ಅಮ್ಮ ನನ್ನ ಏಳು ತಿಂಗಳಲ್ಲಿ ಎಷ್ಟೋ ಸಲ "ಧೈರ್ಯ ತಂದ್ಕೋ ಮಗ" ಎಂದಿದ್ದಾಳೆ. ಮಧ್ಯಮ ಪುರುಷ, ಆಜ್ಞಾರ್ಥಕ. ಆದರೂ ಒಂದು ಸಲವೂ ನನಗೆ ಗೋಡೆ ಕಡೆ ತಿರುಗಬೇಕು ಅನ್ನಿಸಲಿಲ್ಲ. ಯಾಕೆಂದರೆ ಆ ಮಾತಿನ ಬೆನ್ನಿಗೇ ಇನ್ನೊಂದು ಮಾತಿರುತ್ತಿತ್ತು: "ಎರಡು ಸಾವಿರ ಐತೆ, ಅಂಗಡಿ ಹುಡುಗನ ಕೈಲಿ ಫೋನ್‌ಪೇ ಹಾಕಿಸ್ತೀನಿ. ಊಟ ಬಿಡಬ್ಯಾಡ." ಅವಳಿಗೂ ಗೌರವಧನ ಸರಿಯಾಗಿ ಬಂದಿಲ್ಲ ಎಂದು ನನಗೆ ಗೊತ್ತಿರುತ್ತಿತ್ತು. ಧೈರ್ಯದ ಮಾತಿನಿಂದ ಏನೋ ಒಂದು ಅವಳ ಕಡೆ ಕಡಿಮೆಯಾಗುತ್ತಿತ್ತು. ಹಣವೇ ಆಗಬೇಕೆಂದಿಲ್ಲ. ಎಷ್ಟೋ ದಿನ ಅವಳ ನಿದ್ದೆ ಕಡಿಮೆಯಾಯಿತು.

ಆ ರಾತ್ರಿ ನನ್ನ ಮಾತಿನಿಂದ ನನ್ನ ಕಡೆ ಏನು ಕಡಿಮೆಯಾಯಿತು? ಏನೂ ಇಲ್ಲ. ನಾಲ್ಕು ಅಡಿಟಿಪ್ಪಣಿ ಹೆಚ್ಚೇ ಮುಗಿದವು. ಅವನಿಗೆ ನಾನು ಕೊಟ್ಟದ್ದು ಸಮಾಧಾನವಲ್ಲ, ಸುಮ್ಮನಿರು ಎಂಬುದರ ಸಭ್ಯ ಅನುವಾದ. ಇನ್ನೂ ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಅವನ ಬಲೂನಿನ ಮೇಲಿದ್ದದ್ದರಲ್ಲಿ ಮುಕ್ಕಾಲು ಪಾಲು ನನ್ನದೂ ಆಗಿತ್ತು. ಅವನ ಮಾತು ಪೂರ್ತಿ ಕೇಳಿಸಿಕೊಂಡರೆ ಮರುದಿನ ಲೇಖನ ಒಪ್ಪಿಸುವ ಶಕ್ತಿ ನನ್ನಲ್ಲೂ ಉಳಿಯುವುದಿಲ್ಲ ಎಂಬ ಲೆಕ್ಕಾಚಾರ ಒಳಗೆ ನಡೆದಿತ್ತು. ನನ್ನ ಸಕಾರಾತ್ಮಕತೆಯನ್ನು ಕಾಪಾಡಿಕೊಳ್ಳಲು ಅವನನ್ನು ಆಚೆ ನಿಲ್ಲಿಸಿದೆ.

ಹೋದ ತಿಂಗಳು ಅವನಿಗೆ ಫೋನ್ ಮಾಡಿದೆ. ಈಗ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಹೇಗಿದ್ದೀಯ ಎಂದದ್ದಕ್ಕೆ, "ಭಾರೀ ಪಾಸಿಟಿವ್ ಆಗಿದ್ದೀನಿ ಮಾರಾಯ" ಎಂದು ನಕ್ಕ. ನೆನಪಿಟ್ಟುಕೊಂಡಿದ್ದಾನೋ, ಸುಮ್ಮನೆ ಬಾಯಿಗೆ ಬಂತೋ ತಿಳಿಯಲಿಲ್ಲ. ಕ್ಷಮೆ ಕೇಳುವ ಮಾತು ನಾಲಿಗೆ ತುದಿಗೆ ಬಂದು ನಿಂತಿತು. ಅದರ ಬದಲು, "ಸಂಬಳ ಬಂತೇನೋ?" ಎಂದು ಕೇಳಿದೆ.

"ಎಲ್ಲಿ ಬಂತು, ಮೂರು ತಿಂಗಳಾಯ್ತು" ಎಂದು ಶುರುಮಾಡಿದವನು ನಲವತ್ತು ನಿಮಿಷ ಮಾತಾಡಿದ. ನಾನು ಲ್ಯಾಪ್‌ಟಾಪು ಮುಚ್ಚಿ ಕಿಟಕಿ ಹತ್ತಿರ ಹೋಗಿ ಕೂತೆ. ಬಲೂನು ಕಟ್ಟಿದ್ದ ದಾರ ಸರಳಿನಲ್ಲಿ ಇನ್ನೂ ಇತ್ತು.