ಹವಳದ ತೊಟ್ಟಿ ಮತ್ತು ಅಹಿಂಸೆಯ ಅಣುವ್ರತ

ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಗಾಜಿನ ತೊಟ್ಟಿ ಸುಮಾರು 680 ಲೀಟರ್ ನೀರು ಹಿಡಿಯುತ್ತದೆ. ಅಷ್ಟು ನೀರು ಕಡಲಿನಷ್ಟು ಉಪ್ಪಾಗಬೇಕಾದರೆ 24 ಕಿಲೋ ಉಪ್ಪು ಬೇಕು. ಕಲ್ಲು, ಗಾಜು, ಕಬ್ಬಿಣದ ಸ್ಟ್ಯಾಂಡು ಸೇರಿದರೆ ನೆಲದ ಮೇಲೆ ಬೀಳುವ ಭಾರ ಒಂದು ಟನ್ನಿಗೆ ಹತ್ತಿರ. ಮನೆಯ ಹಾಲ್‌ನಲ್ಲಿ ಇಂಥ ತೊಟ್ಟಿ ಇಟ್ಟು ಹವಳ, ಮೀನು, ಸೀಗಡಿಗಳನ್ನು ವರ್ಷಗಟ್ಟಲೆ ಬದುಕಿಸುವುದಕ್ಕೆ ರೀಫ್ ಟ್ಯಾಂಕ್ ಎನ್ನುತ್ತಾರೆ. ಕಣ್ಣಿನ ಸುಖಕ್ಕೆಂದು ಜೀವಿಗಳನ್ನು ಗಾಜಿನೊಳಗೆ ಇಟ್ಟುಕೊಳ್ಳುವ ಗೃಹಸ್ಥ ಅಹಿಂಸೆಯ ವ್ರತದೊಳಗೆ ಉಳಿಯುತ್ತಾನೆಯೇ? ಈ ಪ್ರಶ್ನೆಯನ್ನು ಎಳೆಎಳೆಯಾಗಿ ಬಿಡಿಸಲು ಗೃಹಸ್ಥರ ನಡವಳಿಕೆಯನ್ನು ಹೇಳುವ ಜೈನ ಶ್ರಾವಕಾಚಾರ ಒದಗುವಷ್ಟು ಚೆನ್ನಾಗಿ ಬೇರೆ ಶಾಸ್ತ್ರ ಒದಗುವುದು ಕಷ್ಟ.

ಮುನಿಗೆ ಮಹಾವ್ರತ, ಗೃಹಸ್ಥನಿಗೆ ಅಣುವ್ರತ. ಗೃಹಸ್ಥನ ಅಹಿಂಸಾಣುವ್ರತಕ್ಕೆ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಐದು ಅತಿಚಾರಗಳನ್ನು, ಎಂದರೆ ವ್ರತಕ್ಕೆ ಕುಂದು ತರುವ ತಪ್ಪುಗಳನ್ನು ಹೇಳುತ್ತದೆ. ಕಟ್ಟಿಹಾಕುವುದು ಬಂಧ, ಹೊಡೆಯುವುದು ವಧ, ಅಂಗ ಕತ್ತರಿಸುವುದು ಛೇದ, ಮಿತಿಮೀರಿ ಹೊರಿಸುವುದು ಅತಿಭಾರಾರೋಪಣ, ಅನ್ನನೀರು ತಡೆಯುವುದು ಅನ್ನಪಾನನಿರೋಧ. ದನಕರು, ಆಳುಕಾಳು ಇದ್ದ ಮನೆಗಳಿಗೆ ಹೇಳಿದಂತಿರುವ ಈ ಮಾತುಗಳು ಹವಳದ ತೊಟ್ಟಿಗೂ ಸಲ್ಲುತ್ತವೆ. ಅದರಲ್ಲೂ ಕೊನೆಯ ಎರಡು ಮಾತು ತೊಟ್ಟಿಯನ್ನು ನೋಡಿಯೇ ಹೇಳಿದಂತಿವೆ.

ಅದಕ್ಕೆ ಮೊದಲು ಹವಳ ಯಾವ ಬಗೆಯ ಜೀವ ಎಂದು ತಿಳಿಯಬೇಕು. ಕನ್ನಡಿಗರಿಗೆ ಹವಳವೆಂದರೆ ನವರತ್ನಗಳಲ್ಲಿ ಒಂದು, ಕುಜನಿಗೆ ಪ್ರಿಯವಾದ ಕೆಂಪು ಹರಳು. ಜೈನ ಆಗಮಗಳಲ್ಲಿ ಒಂದಾದ ಉತ್ತರಾಧ್ಯಯನ ಅದನ್ನು ಹರಿದಳ, ಇಂಗುಲಿಕದಂಥ ಖನಿಜಗಳ ಜೊತೆಯಲ್ಲೇ ಪೃಥ್ವೀಕಾಯದಲ್ಲಿ ಸೇರಿಸಿದೆ, ಎಂದರೆ ಸ್ಪರ್ಶವೊಂದೇ ಇಂದ್ರಿಯವಾಗಿರುವ ಸ್ಥಾವರ ಜೀವ. ಅದರಲ್ಲಿ ಜೀವವಿದೆ ಎಂದದ್ದೇ ದೊಡ್ಡ ಮಾತು. ಯುರೋಪಿನಲ್ಲಿ 18ನೇ ಶತಮಾನದ ಮೊದಲ ಭಾಗದಲ್ಲಿ ಪೇಸೊನೆಲ್ ಎಂಬ ವೈದ್ಯ ಹವಳವನ್ನು ಪ್ರಾಣಿ ಎಂದಾಗ ಪ್ಯಾರಿಸ್ಸಿನ ವಿದ್ವಾಂಸರು ನಂಬಲಿಲ್ಲ. ಅವರ ಪಾಲಿಗೆ ಅದು ಹೂಬಿಡುವ ಕಡಲ ಗಿಡ. ಹವಳದ ಪ್ರತಿ ಪಾಲಿಪ್‌ಗೂ, ಎಂದರೆ ಅದರ ಪ್ರತಿ ಪುಟ್ಟ ಪ್ರಾಣಿಗೂ ಬಾಯಿ ಇದೆ, ಸುತ್ತ ಕುಟುಕುವ ಎಳೆಗಳಿವೆ, ಮೈತುಂಬ ನರಗಳ ಬಲೆ ಇದೆ. ನೀರಿಗೆ ಆಹಾರದ ರಸ ಬಿದ್ದರೆ ಸಾಕು, ಮುಟ್ಟುವ ಮೊದಲೇ ಎಳೆಗಳು ಹೊರಚಾಚುತ್ತವೆ. ಸ್ಪರ್ಶದ ಜೊತೆಗೆ ರಸವನ್ನೂ ಅರಿಯುವ ಜೀವಿಯನ್ನು ಹುಳುವಿನ ಸಾಲಿನಲ್ಲಿ, ದ್ವೀಂದ್ರಿಯಗಳ ಪಕ್ಕದಲ್ಲಿ ಇಡುವುದೇ ಶಾಸ್ತ್ರದ ತರ್ಕಕ್ಕೆ ಒಪ್ಪುತ್ತದೆ. ಮೀನಿನ ಬಗ್ಗೆ ಅನುಮಾನವೇ ಇಲ್ಲ, ಅದು ಪಂಚೇಂದ್ರಿಯ.

ಹಿಂಸೆಯಲ್ಲೂ ಬಗೆಗಳಿವೆ. ಅಡಿಗೆ ಮಾಡುವಾಗ, ಕಸ ಗುಡಿಸುವಾಗ ಆಗುವುದು ಆರಂಭೀ ಹಿಂಸೆ. ಗೃಹಸ್ಥನಿಗೆ ಅದು ತಪ್ಪುವುದಿಲ್ಲವೆಂದು ಶಾಸ್ತ್ರ ಒಪ್ಪುತ್ತದೆ. ಹವಳದ ತೊಟ್ಟಿಗೆ ಈ ರಿಯಾಯಿತಿ ಸಿಗದು, ಏಕೆಂದರೆ ಅದಿಲ್ಲದೆ ಯಾವ ಮನೆಯೂ ನಿಂತುಹೋಗುವುದಿಲ್ಲ. ಅದರಿಂದ ಆಗುವ ಕೇಡು ಅನರ್ಥದಂಡದ ಕಡೆಗೆ, ಎಂದರೆ ಪ್ರಯೋಜನವಿಲ್ಲದೆ ಮಾಡಿದ ಕೇಡಿನ ಕಡೆಗೆ ವಾಲುತ್ತದೆ. ಆದ್ದರಿಂದ ತೊಟ್ಟಿ ಇಡುವವನ ಹೊಣೆ ಹಸು ಸಾಕುವವನ ಹೊಣೆಗಿಂತ ಹೆಚ್ಚಿನದು.

ಬಂಧವೇ ಮೊದಲ ತೊಡಕು. ಹವಳದ ದಿಬ್ಬಗಳ ಮೀನುಗಳಲ್ಲಿ ಹೆಚ್ಚಿನ ಜಾತಿಗಳು ಇಂದಿಗೂ ಕಡಲಿನಿಂದ ಹಿಡಿದು ತಂದವೇ. 1960ರ ದಶಕದಲ್ಲಿ ಫಿಲಿಪೀನ್ಸ್‌ನಲ್ಲಿ ಸಯನೈಡ್ ಕದಡಿದ ನೀರನ್ನು ಕಲ್ಲಿನ ಸಂದುಗಳಿಗೆ ಚಿಮ್ಮಿಸಿ ಮೀನುಗಳನ್ನು ಮಂಕುಮಾಡಿ ಹಿಡಿಯುವ ಪದ್ಧತಿ ಶುರುವಾಯಿತು. ಮೀನು ಸಿಕ್ಕ ಕಡೆ ಹವಳ ಸತ್ತಿತು. ಇಂಡೊನೇಷ್ಯಾದ ಬಂಗ್ಗಾಯ್ ದ್ವೀಪಗಳ ಸುತ್ತ ಮಾತ್ರ ಸಹಜವಾಗಿ ಇರುವ ಕಪ್ಪುಬಿಳಿ ಪಟ್ಟೆಯ ಕಾರ್ಡಿನಲ್ ಮೀನಿನ ಕಥೆ ಇನ್ನೂ ನೋವಿನದು. ಅದರ ಗಂಡು ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾಯುತ್ತದೆ, ಮರಿಗಳು ಹುಟ್ಟಿದ ಜಾಗದಲ್ಲೇ ಬೆಳೆಯುತ್ತವೆ. ಮರಿಗಳು ತೆರೆಯಲ್ಲಿ ತೇಲಿ ದೂರ ಹೋಗದ ಕಾರಣ, ಒಂದು ಕಡೆ ಬರಿದಾದ ದಿಬ್ಬ ಇನ್ನೊಂದು ಕಡೆಯಿಂದ ತುಂಬಿಕೊಳ್ಳುವುದು ಕಷ್ಟ. 1990ರ ದಶಕದ ಮಧ್ಯದಲ್ಲಿ ವ್ಯಾಪಾರಕ್ಕೆ ಸಿಕ್ಕ ಈ ಮೀನು 2007ರ ಹೊತ್ತಿಗೆ ಅಪಾಯದಲ್ಲಿರುವ ಜಾತಿಗಳ ಪಟ್ಟಿ ಸೇರಿತು. ಕೃತ, ಕಾರಿತ, ಅನುಮತ ಎಂದು ಜೈನರು ಕರ್ಮದ ಪಾಲನ್ನು ಮೂರಾಗಿ ನೋಡುತ್ತಾರೆ: ತಾನೇ ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು. ಅಂಗಡಿಯಲ್ಲಿ ದುಡ್ಡು ಕೊಟ್ಟವನ ಕೈ ಸಯನೈಡ್ ಮುಟ್ಟಿರುವುದಿಲ್ಲ. ಆದರೂ ಎರಡನೆಯ ಪಾಲು ಅವನದು. ಅದೇ ಬಂಗ್ಗಾಯ್ ಮೀನು ತೊಟ್ಟಿಯಲ್ಲೂ ಸಲೀಸಾಗಿ ಮರಿ ಹಾಕುತ್ತದೆ. ಸಾಕಿ ಬೆಳೆಸಿದ ಮರಿಯನ್ನು ಕೊಳ್ಳುವವನು ಈ ಪಾಲಿನಿಂದ ಬಹುಮಟ್ಟಿಗೆ ಪಾರಾಗುತ್ತಾನೆ. ಭಾರತದಲ್ಲಿ ಕಾನೂನೂ ಅಡ್ಡ ನಿಂತಿದೆ. ದಿಬ್ಬ ಕಟ್ಟುವ ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಲಕ್ಷದ್ವೀಪದ್ದಿರಲಿ, ಮುರುಡೇಶ್ವರದ ಎದುರಿನ ನೇತ್ರಾಣಿಯದ್ದಿರಲಿ, ಅಲ್ಲಿಂದ ಒಂದು ಕಡ್ಡಿ ಹವಳವನ್ನೂ ಮನೆಗೆ ತರುವಂತಿಲ್ಲ.

ಈ ಬಂಧಕ್ಕೆ ಬಿಡುಗಡೆ ಇಲ್ಲ ಎಂಬುದೇ ಅದರ ಕಠಿಣ ಮುಖ. ಜೈನ ಮನೆಗಳಲ್ಲಿ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಾಣುಗಳನ್ನು ಅದೇ ಬಾವಿಗೆ ಮರಳಿ ಬಿಡುವ ಪದ್ಧತಿ ಇದೆ. ಬೇರೆ ನೀರಿಗೆ ಬಿಟ್ಟರೆ ಅವು ಸಾಯುತ್ತವೆ ಎಂಬ ಎಚ್ಚರ ಅದರಲ್ಲಿದೆ. ತೊಟ್ಟಿಯ ಜೀವಿಗೆ ಈ ದಾರಿ ಮುಚ್ಚಿದೆ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಸಿಂಹಮೀನು 1985ರಲ್ಲಿ ಫ್ಲಾರಿಡಾದ ಕಡಲಲ್ಲಿ ಕಂಡಿತು. ಸಾಕಿದವರು ಬಿಟ್ಟದ್ದರಿಂದಲೇ ಅದು ಅಲ್ಲಿಗೆ ಸೇರಿತೆಂದು ತಜ್ಞರು ಎಣಿಸುತ್ತಾರೆ. ಇಂದು ಅದು ಕೆರಿಬಿಯನ್ ದಿಬ್ಬಗಳ ಮರಿಮೀನುಗಳನ್ನು ತಿಂದು ಹಾಕುತ್ತಿದೆ. 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಕೆಳಗಿನ ಕಡಲಲ್ಲಿ ಕಂಡ, ತೊಟ್ಟಿಗಳಲ್ಲಿ ಬೆಳೆಸುತ್ತಿದ್ದ ಕಾಲರ್ಪ ಪಾಚಿ ಮೆಡಿಟರೇನಿಯನ್ ತಳದಲ್ಲಿ ಹಬ್ಬಿತು. ಕರುಣೆಯಿಂದ ಬಿಟ್ಟರೂ ಅದು ಸಾವಿರಾರು ಜೀವಗಳಿಗೆ ಕೇಡು. ಕ್ಲೌನ್ ಮೀನು 20 ವರ್ಷಕ್ಕೂ ಮೀರಿ ಬದುಕಬಲ್ಲದು. ಒಮ್ಮೆ ತಂದವನು ಅಷ್ಟು ಕಾಲವೂ ಅದಕ್ಕೆ ಕಟ್ಟುಬಿದ್ದವನೇ.

ಅತಿಭಾರಾರೋಪಣದ ಮಾತು ಎತ್ತಿನ ಗಾಡಿಯನ್ನು ಬಿಟ್ಟು ನೀರಿನೊಳಕ್ಕೆ ಬಂದಾಗ ಅದರ ಅರ್ಥ ಇನ್ನಷ್ಟು ತೆರೆದುಕೊಳ್ಳುತ್ತದೆ. ಮೀನಿನ ಹೇಲು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೇಟ್ ಮಾಡುತ್ತದೆ. ಈ ಎರಡು ಬಳಗಗಳು ಕಲ್ಲಿನ ರಂಧ್ರಗಳಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಆ ವಾರಗಳಲ್ಲಿ ತೊಟ್ಟಿಯಲ್ಲಿ ನೋಡಲು ಏನೂ ಇರುವುದಿಲ್ಲ. ಕಂದು ಪಾಚಿ, ಬರೀ ಕಲ್ಲು, ಪಂಪಿನ ಗುಂಯ್ ಸದ್ದು. ಮನೆಗೆ ಬಂದವರು ಮೀನು ಎಲ್ಲಿ ಎಂದು ಕೇಳುತ್ತಾರೆ. ತಡೆಯಲಾರದೆ ಹತ್ತು ಮೀನು ತಂದು ಬಿಟ್ಟರೆ ಅವುಗಳ ಕಿವಿರು ಅಮೋನಿಯಾದಿಂದ ಬೆಂದು, ಮೇಲ್ಮೈಗೆ ಬಂದು ಬಾಯಿ ತೆರೆದು ಸಾಯುತ್ತವೆ. ಭಾರ ಹೊರುತ್ತಿರುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಮಿತಿಮೀರಿ ಹೊರಿಸಿದ ತಪ್ಪಿಗೆ ಸಾಯುವುದು ಮೀನು. 1960ರ ದಶಕದ ಆರಂಭದಲ್ಲಿ ಇಂಡೊನೇಷ್ಯಾದ ಲೀ ಚಿನ್ ಎಂಗ್ ಕಡಲಿನ ಜೀವಂತ ಕಲ್ಲು ಮತ್ತು ಗಾಳಿಗುಳ್ಳೆಗಳಿಂದಲೇ ಹವಳ ಬದುಕಿಸಿ ತೋರಿಸಿದ್ದರು. ಕಲ್ಲಿನೊಳಗಿನ ಜೀವಗಳಿಗೆ ಅವುಗಳ ಕೆಲಸ ಮಾಡಲು ಬಿಟ್ಟದ್ದೇ ಅವರ ಪದ್ಧತಿಯ ತಿರುಳು.

ಅನ್ನಪಾನನಿರೋಧ ಕೆಲವೊಮ್ಮೆ ತುಂಬಿದ ತಟ್ಟೆಯ ಮುಂದೆಯೇ ನಡೆಯುತ್ತದೆ. ನೀಲಿ, ಕಿತ್ತಳೆ ಗೆರೆಗಳ ಮ್ಯಾಂಡರಿನ್ ಮೀನು ದಿನವಿಡೀ ಕಲ್ಲು ಕೆದಕಿ, ಅಲ್ಲಿ ಹರಿದಾಡುವ ಸೂಕ್ಷ್ಮ ಸೀಗಡಿಯಂಥ ಜೀವಿಗಳನ್ನು ಹೆಕ್ಕಿ ತಿನ್ನುತ್ತದೆ. ಹೊಸ ತೊಟ್ಟಿಯಲ್ಲಿ ಅವು ಕೆಲವೇ ವಾರದಲ್ಲಿ ಮುಗಿಯುತ್ತವೆ. ಮೇಲಿನಿಂದ ಉದುರುವ ಒಣ ಆಹಾರವನ್ನು ಅದು ಸಾಮಾನ್ಯವಾಗಿ ಮೂಸಿಯೂ ನೋಡುವುದಿಲ್ಲ. ಹೊಟ್ಟೆ ಒಳಸೇರಿ ಬೆನ್ನ ಮೂಳೆ ಎದ್ದು ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಹವಳದ ಹಸಿವು ಇನ್ನೂ ಗುಟ್ಟಿನದು. ಅದರ ಮೈಯೊಳಗಿನ ಪಾಚಿಗೆ ಬೆಳಕು ಬೇಕು, ಅದರ ಎಲುಬಿಗೆ ಸುಣ್ಣ ಬೇಕು. ಲೀಟರಿಗೆ 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ, ಅದಕ್ಕೆ ತಕ್ಕ ಕ್ಷಾರತೆ ನೀರಿನಲ್ಲಿ ನಿಲ್ಲಬೇಕು. ಬೆಳೆಯುವ ಹವಳ ಅದನ್ನು ದಿನವೂ ಹೀರಿ ಖಾಲಿ ಮಾಡುತ್ತದೆ. ಆವಿಯಾಗಿ ಹೋದ ನೀರಿನ ಬದಲಿಗೆ ಸುಣ್ಣದ ತಿಳಿಯನ್ನು ಹನಿಹನಿಯಾಗಿ ಬಿಡುವುದು ಹಳೆಯ ಉಪಾಯ. ವೀಳ್ಯದೆಲೆಗೆ ಹಚ್ಚುವ ಸುಣ್ಣವೂ ರಾಸಾಯನಿಕವಾಗಿ ಅದೇ ವಸ್ತು, ಶುದ್ಧತೆ ಮಾತ್ರ ಬೇರೆ. ಅವಸರದಿಂದ ಸುರಿದರೆ ಕ್ಷಾರ ಏರಿ ಇಡೀ ತೊಟ್ಟಿ ಸಾಯಬಹುದು. ಉಣಿಸುವ ಕೈಗೂ ಮಿತಿ ತಿಳಿದಿರಬೇಕು.

ಛೇದದ ವಿಷಯದಲ್ಲಿ ಮಾತ್ರ ಹವಳ ಶಾಸ್ತ್ರವನ್ನೇ ತಡವರಿಸುವಂತೆ ಮಾಡುತ್ತದೆ. ಕವಲು ಹವಳದ ತುದಿಯನ್ನು ಇಕ್ಕಳದಿಂದ ಕತ್ತರಿಸಿದರೆ ಗಾಯದಿಂದ ಲೋಳೆ ಸುರಿಯುತ್ತದೆ, ಸುತ್ತಲಿನ ಪಾಲಿಪ್‌ಗಳು ಒಳಸರಿಯುತ್ತವೆ. ತುಂಡನ್ನು ಅಂಟು ಹಾಕಿ ಸಣ್ಣ ಬಿಲ್ಲೆಯ ಮೇಲೆ ನಿಲ್ಲಿಸಿದರೆ ಕೆಲವು ವಾರಗಳಲ್ಲಿ ಅದರ ಮಾಂಸ ಅಂಟಿನ ಮೇಲೆ ಹರಡಿ ಬೇರೂರುತ್ತದೆ; ಇತ್ತ ತಾಯಿಯ ಗಾಯವೂ ಮುಚ್ಚುತ್ತದೆ. ಬರ್ಲಿನ್ನಿನ ಡೀಟ್ರಿಶ್ ಸ್ಟೂಬರ್ ಬೆಳೆಸಿದ ಒಂದು ಅಕ್ರೊಪೊರಾ ಹವಳ ಹೀಗೆ ತುಂಡುತುಂಡಾಗಿ ಕೈಯಿಂದ ಕೈಗೆ ದಾಟಿ ಅನೇಕ ದೇಶಗಳ ತೊಟ್ಟಿಗಳನ್ನು ಸೇರಿತು. ಅದು ಒಂದು ಜೀವವೋ ಹಲವೋ? ಅಂಗ ಕಡಿದವನು ಅಂಗಹೀನ ಮಾಡಿದನೋ ಸಂತಾನ ಕೊಟ್ಟನೋ? ಇಕ್ಕಳ ಹಿಡಿದವನ ಉದ್ದೇಶ ಇಲ್ಲಿ ನಿರ್ಣಾಯಕ. ಕಡಲಿನ ಬೇಡಿಕೆಯನ್ನು ಇಳಿಸಲು ತುಂಡು ಹಂಚುವವನ ಛೇದ ಬೇರೆ, ಬಣ್ಣದ ಮೋಹಕ್ಕೆ ಎಳೆಯ ಹವಳವನ್ನು ಮತ್ತೆ ಮತ್ತೆ ಕೊಚ್ಚುವವನದು ಬೇರೆ. ಪರಿಗ್ರಹವನ್ನು ವಸ್ತುಗಳ ಲೆಕ್ಕದಿಂದ ಅಳೆಯದೆ ಅವುಗಳ ಮೇಲಿನ ಮೂರ್ಛೆಯಿಂದ, ಎಂದರೆ ಮೋಹದಿಂದ ಅಳೆಯುವ ತತ್ತ್ವಾರ್ಥಸೂತ್ರ ಈ ವ್ಯತ್ಯಾಸವನ್ನು ಒಪ್ಪೀತು.

ವಧದ ಮಾತು ಚಿಕ್ಕದು, ಆದರೆ ತಪ್ಪಿಸಿಕೊಳ್ಳಲಾಗದ್ದು. ಕಲ್ಲಿನೊಂದಿಗೆ ಬಂದ ಐಪ್ಟೇಸಿಯಾ ಎಂಬ ಪುಟ್ಟ ಕಡಲಹೂ ಹಬ್ಬಿ ಹವಳಗಳನ್ನು ಕುಟುಕುತ್ತದೆ. ಸಾಕುವವನು ಅದರ ಬಾಯಿಗೆ ಸೂಜಿಯಿಂದ ಸುಣ್ಣದ ಹಿಟ್ಟು ಚುಚ್ಚಿ ಕೊಲ್ಲುತ್ತಾನೆ. ಇದು ಅತಿಚಾರವನ್ನೂ ದಾಟಿದ ಸಂಕಲ್ಪೀ ಹಿಂಸೆ, ಎಂದರೆ ಬೇಕೆಂದೇ ಮಾಡಿದ ಹಿಂಸೆ. ಅದನ್ನು ತಿನ್ನುವ ಸೀಗಡಿಯನ್ನು ತಂದು ಬಿಟ್ಟರೂ ಮಾಡಿಸಿದ ಪಾಲು ಉಳಿಯುತ್ತದೆ. ತರುವ ಕಲ್ಲನ್ನು ಮೊದಲೇ ಬೇರೆ ತೊಟ್ಟಿಯಲ್ಲಿಟ್ಟು ಪರೀಕ್ಷಿಸಿದರೆ ಈ ಸಂದರ್ಭವೇ ಅಪರೂಪವಾಗುತ್ತದೆ.

ಪ್ರಮಾದದಿಂದ, ಎಂದರೆ ಎಚ್ಚರಗೇಡಿತನದಿಂದ ಪ್ರಾಣಕ್ಕೆ ಕೇಡಾಗುವುದನ್ನೇ ತತ್ತ್ವಾರ್ಥಸೂತ್ರ ಹಿಂಸೆ ಎನ್ನುತ್ತದೆ. ಹೀಟರ್, ಚಿಲ್ಲರ್, ನೀರು ತುಂಬುವ ಯಂತ್ರ, ಎಲ್ಲವೂ ಪ್ರಮಾದದ ವಿರುದ್ಧ ಕಟ್ಟಿದ ಬೇಲಿ. ಬೇಲಿ ಇದೆ ಎಂಬ ನಂಬಿಕೆಯಲ್ಲೇ ಪ್ರಮಾದ ಒಳಬರುತ್ತದೆ. ಮಳೆಗಾಲದ ರಾತ್ರಿ ಕರಾವಳಿಯ ಊರಿನಲ್ಲಿ ಕರೆಂಟು ಹೋದರೆ ನೀರಿನ ಅಲುಗಾಟ ನಿಲ್ಲುತ್ತದೆ. ಕತ್ತಲಲ್ಲಿ ಹವಳವೂ ಮೀನೂ ಪಾಚಿಯೂ ಒಟ್ಟಿಗೆ ಆಮ್ಲಜನಕ ಹೀರುತ್ತವೆ. ಬೆಳಗಿನ ಹೊತ್ತಿಗೆ ದೊಡ್ಡ ಮೀನುಗಳೇ ಮೊದಲು ಸತ್ತಿರುತ್ತವೆ. ಬ್ಯಾಟರಿಯ ಗಾಳಿಪಂಪು ಅಂಥ ದುಬಾರಿ ವಸ್ತುವಲ್ಲ; ಅದನ್ನು ತಂದಿಡದೇ ಹೋದದ್ದೇ ಪ್ರಮಾದ.

ವಯಸ್ಸಾಗಿಯೋ ಊರು ಬಿಡಬೇಕಾಗಿಯೋ ತೊಟ್ಟಿಯನ್ನು ಮುಚ್ಚುವಾಗಲೂ ವ್ರತ ಮುಗಿಯುವುದಿಲ್ಲ. ಹವಳ ಮತ್ತು ಮೀನುಗಳಿಗೆ ನೆಲೆಗೊಂಡ ಬೇರೆ ತೊಟ್ಟಿಗಳನ್ನು ಹುಡುಕಬೇಕು, ಅವನ್ನು ಅದೇ ನೀರಿನಲ್ಲಿ ಸಾಗಿಸಬೇಕು, ಕಲ್ಲು ಒಣಗದಂತೆ ಒದ್ದೆಯಾಗಿಯೇ ಒಯ್ಯಬೇಕು. ಕೊನೆಗೆ ಉಳಿದ ಉಪ್ಪುನೀರು ಮನೆಯ ಬಚ್ಚಲಿಗೆ ಹೋಗಬೇಕು, ಹೊಳೆಗೂ ಅಲ್ಲ, ಕಡಲಿಗೂ ಅಲ್ಲ.