ತೆಂಕು ಗಾಳಿ ಮೆಲ್ಲಗೆ ಬೀಸುವಾಗ

ಭಾನುವಾರದ ಆರಾಧನೆಯ ಸಂದೇಶ (ಧ್ವನಿಮುದ್ರಣದಿಂದ ಬರೆದದ್ದು)
ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 27:9–13, 27:39–44, 28:11

ದೇವರಿಗೆ ಸ್ತೋತ್ರ! ಹಿಂದೆ ಬಾಗಿಲ ಹತ್ತಿರ ನಿಂತ ಅಣ್ಣಂದಿರು ಮುಂದೆ ಬನ್ನಿ, ಇಲ್ಲಿ ಜಾಗ ಉಂಟು. ಎಲ್ಲರೂ ಸತ್ಯವೇದ ತೆಗೆಯಿರಿ. ಅಪೊಸ್ತಲರ ಕೃತ್ಯಗಳು, 27ನೇ ಅಧ್ಯಾಯ. ಈ ಅಧ್ಯಾಯವನ್ನು ನಮ್ಮ ಸಭೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ ಅಂತ ನನಗೆ ಅನಿಸ್ತದೆ. ಘಟ್ಟದ ಮೇಲಿನವರಿಗೆ ಲಂಗರು ಅಂದ್ರೇನು, ಮಾರು ಅಂದ್ರೇನು ಅಂತ ವಿವರಿಸಬೇಕು. ಇಲ್ಲಿ ನಾನು ತಪ್ಪು ಹೇಳಿದರೆ ನೀವೇ ತಿದ್ದುತ್ತೀರಿ.

ಏಪ್ರಿಲ್ ಮುಗೀತಾ ಬಂತು. ಜೂನ್ 1ಕ್ಕೆ ಯಾಂತ್ರಿಕ ಬೋಟುಗಳೆಲ್ಲ ಬಂದರಿಗೆ ಸೇರಬೇಕು, ಜುಲೈ 31ರ ತನಕ 61 ದಿನ ಕಡಲಿಗೆ ಇಳಿಯುವ ಹಾಗಿಲ್ಲ. ಉಳಿದದ್ದು ನಾಲ್ಕೈದು ವಾರ. ದಕ್ಕೆಯಲ್ಲಿ ಈಗ ಎಲ್ಲರ ಬಾಯಲ್ಲೂ ಒಂದೇ ಲೆಕ್ಕ, ಇನ್ನು ಎಷ್ಟು ಟ್ರಿಪ್ ಆಗ್ತದೆ? ಡೀಸೆಲ್ ಬಾಕಿ, ಐಸ್ ಬಾಕಿ, ಬಲೆ ರಿಪೇರಿ, ಹೆಂಡತಿಯ ಬಳೆ ಸೊಸೈಟಿಯಲ್ಲಿ. ನಾಡದೋಣಿಯವರಿಗೂ ಹಾಗೇ. ಮಳೆಗಾಲಕ್ಕೆ ಮುಂಚೆ ನಾಲ್ಕು ಕಾಸು ಕೈಗೆ ಬಂದರೆ ಮಕ್ಕಳ ಸ್ಕೂಲ್ ಫೀಸು ಕಟ್ಟಬಹುದು. ಈ ಲೆಕ್ಕ ಪಾಪ ಅಂತ ನಾನು ಹೇಳುವುದಿಲ್ಲ. ಮನೆ ನಡೆಸಬೇಕಲ್ವಾ?

ಈಗ 9ನೇ ವಚನ ನೋಡಿ. ಉಪವಾಸದ ದಿನ ಕಳೆದುಹೋಗಿತ್ತು. ಅಂದರೆ ಯೆಹೂದ್ಯರ ದೋಷಪರಿಹಾರಕ ದಿನ, ನಮ್ಮ ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಬರುವಂಥದ್ದು. ಅಲ್ಲಿಂದ ಮುಂದೆ ಆ ಸಮುದ್ರದಲ್ಲಿ ಚಳಿಗಾಲ, ಹಡಗುಗಳು ನಿಲ್ಲುವ ಕಾಲ. ನಮಗೆ ಮಳೆಗಾಲ ಹೇಗೋ ಅವರಿಗೆ ಚಳಿಗಾಲ ಹಾಗೆ. ತಿಂಗಳು ಬೇರೆ, ಆದರೆ ಅವರು ಇದ್ದದ್ದು ನಾವು ಈಗ ಇರುವ ಜಾಗದಲ್ಲೇ. ಸೀಸನ್ನಿನ ಕೊನೆಯ ಟ್ರಿಪ್!

ಹಡಗು ಕ್ರೇತ ದ್ವೀಪದ ಚಂದರೇವು ಎಂಬಲ್ಲಿ ನಿಂತಿದೆ. ಪೌಲ ಎದ್ದು ನಿಂತು ಹೇಳ್ತಾನೆ, ಇಲ್ಲಿಂದ ಹೊರಟರೆ ಸರಕು ಹೋಗ್ತದೆ, ಹಡಗು ಹೋಗ್ತದೆ, ಪ್ರಾಣಕ್ಕೂ ಅಪಾಯ ಅಂತ. ಶತಾಧಿಪತಿ ಯಾರ ಮಾತು ಕೇಳಿದ? ಹಡಗು ನಡೆಸುವವನ ಮಾತು, ಹಡಗಿನ ಯಜಮಾನನ ಮಾತು. ನಮ್ಮ ಭಾಷೆಯಲ್ಲಿ ಹೇಳಿದರೆ ತಂಡೇಲರ ಮಾತು, ಧಣಿಗಳ ಮಾತು. ಪೌಲ ಕೈದಿ, ಅವನ ಮಾತಿಗೆ ಏನು ಬೆಲೆ? ಇನ್ನೊಂದು ಉಂಟು, 12ನೇ ವಚನದಲ್ಲಿ ಬಹುಮಂದಿಯ ಅಭಿಪ್ರಾಯವೂ ಹೊರಡೋಣ ಅಂತಲೇ ಇತ್ತು. ಅವರು ಹುಚ್ಚರಲ್ಲ. ಆ ರೇವು ಚಳಿಗಾಲ ಕಳೆಯುವುದಕ್ಕೆ ಅನುಕೂಲ ಇರಲಿಲ್ಲ, ಅದು ನಿಜ. ಫೊಯಿನಿಕ ಎಂಬ ಬಂದರು ಅದೇ ದ್ವೀಪದಲ್ಲಿ, ಹೆಚ್ಚುಕಡಿಮೆ ಮಂಗಳೂರಿಂದ ಮಲ್ಪೆಗೆ ಹೋದಷ್ಟು ದೂರ. ಒಂದು ದಿನದ ಕೆಲಸ. ದಡ ಹಿಡಿದುಕೊಂಡೇ ಹೋಗಬಹುದು.

ಅಷ್ಟರಲ್ಲಿ 13ನೇ ವಚನ. ತೆಂಕಣ ಗಾಳಿ ಮಂದವಾಗಿ ಬೀಸಿತು. ಅಷ್ಟೇ ಸಾಕಾಯಿತು ಅವರಿಗೆ. ನೋಡಿ, ಪೌಲ ಸುಮ್ಮನೆ ಹೆದರಿಸಿದ, ದೇವರೇ ದಾರಿ ತೆರೆದಿದ್ದಾನೆ ಅಂತ ಲಂಗರು ಎತ್ತಿದರು. ಸ್ವಲ್ಪ ಹೊತ್ತು ಅಷ್ಟೇ. ದ್ವೀಪದ ಕಡೆಯಿಂದಲೇ ಈಶಾನ್ಯದ ಬಿರುಗಾಳಿ ಇಳಿದು ಬಂತು. ಆಮೇಲೆ ಹದಿನಾಲ್ಕು ರಾತ್ರಿ ಸೂರ್ಯ ಇಲ್ಲ, ನಕ್ಷತ್ರ ಇಲ್ಲ.

ನಾನು ಇವತ್ತು ನಿಲ್ಲುವುದು ಆ ಮೆಲ್ಲನೆಯ ಗಾಳಿಯ ಹತ್ತಿರ. ಬಿರುಗಾಳಿಗೆ ಎಲ್ಲರೂ ಹೆದರ್ತಾರೆ. ಕಡಲು ಕಪ್ಪಾದರೆ ಯಾವ ತಂಡೇಲನೂ ದೋಣಿ ಇಳಿಸುವುದಿಲ್ಲ. ಮನುಷ್ಯ ಮೋಸ ಹೋಗುವುದು ಒಳ್ಳೆಯ ದಿನದಲ್ಲಿ.

ನಮ್ಮ ಕಡಲು ಮಾರ್ಚಿಂದ ಮೇ ತನಕ ಹೇಗಿರ್ತದೆ ಅಂತ ನಿಮಗೆ ಗೊತ್ತು. ಬೆಳಿಗ್ಗೆ ನೆಲದ ಕಡೆಯಿಂದ ಸಣ್ಣ ಗಾಳಿ, ನೀರು ಎಣ್ಣೆ ಹಾಗೆ. ಮಧ್ಯಾಹ್ನದ ಮೇಲೆ ಬಡಗು-ಪಡುವಿಂದ ಕಡಲ ಗಾಳಿ ಏಳ್ತದೆ, ಸಂಜೆಗೆ ಸ್ವಲ್ಪ ಕುಣಿಸ್ತದೆ. ಅಲೆ ಸಾಮಾನ್ಯವಾಗಿ ಒಂದು ಮೀಟರಿನ ಆಸುಪಾಸು. ಮಳೆಗಾಲದ ಕಡಲಿನ ಮುಂದೆ ಇದು ಮಗು. ಏಪ್ರಿಲ್ ಕೊನೆಗೆ, ಮೇ ತಿಂಗಳಲ್ಲಿ, ಘಟ್ಟದ ಕಡೆ ಮೋಡ ಕಟ್ಟಿ ಸಂಜೆ ಹೊತ್ತಿಗೆ ಒಮ್ಮೆಲೇ ಗುಡುಗು ಗಾಳಿ ಇಳಿಯುವುದುಂಟು, ಸಣ್ಣ ದೋಣಿಗೆ ಅದು ಅಪಾಯ. ಆದರೂ ಅದರ ಮೋಡ ಕಣ್ಣಿಗೆ ಕಾಣ್ತದೆ. ಹೆಚ್ಚಿನ ಹಿರಿಯರು ಅದನ್ನು ವಾಸನೆಯಲ್ಲೇ ಹಿಡೀತಾರೆ.

ಕಣ್ಣಿಗೆ ಕಾಣದ್ದು ಇನ್ನೊಂದುಂಟು. ಕೇರಳದ ಮೀನುಗಾರರು ಅದಕ್ಕೆ ಕಳ್ಳಕ್ಕಡಲ್ ಅಂತ ಹೆಸರಿಟ್ಟಿದ್ದಾರೆ. ಕಳ್ಳನ ಹಾಗೆ ಬರುವ ಕಡಲು. ಬಲೆ ಎಳೆಯುವವರು ಇಟ್ಟ ಈ ಹೆಸರನ್ನೇ 2012ರಲ್ಲಿ ಯುನೆಸ್ಕೋ ಕೂಡ ಒಪ್ಪಿಕೊಂಡಿತು, ವಿಜ್ಞಾನಿಗಳೂ ಇವತ್ತು ಅದನ್ನೇ ಬಳಸ್ತಾರೆ. ಏನಾಗ್ತದೆ ಅಂದ್ರೆ, ಹಿಂದೂ ಮಹಾಸಾಗರದ ತೀರಾ ದಕ್ಷಿಣದಲ್ಲಿ, ಅಂಟಾರ್ಕ್ಟಿಕಾ ಕಡೆಯ ನೀರಿನಲ್ಲಿ ದೊಡ್ಡ ಬಿರುಗಾಳಿ ಎದ್ದಿರ್ತದೆ. ನಮಗೆ ಅದು ಗೊತ್ತೇ ಇಲ್ಲ. ಆ ಗಾಳಿ ಎಬ್ಬಿಸಿದ ಅಲೆ ಸಾವಿರಾರು ಕಿಲೋಮೀಟರ್ ದಾಟಿ, ದಿನಗಟ್ಟಲೆ ನಡೆದು ನಮ್ಮ ದಡಕ್ಕೆ ಬರ್ತದೆ. ಬರುವಾಗ ಇಲ್ಲಿ ಗಾಳಿ ಇಲ್ಲ, ಮಳೆ ಇಲ್ಲ, ಆಕಾಶ ನೀಲಿ.

2024ರ ಮಾರ್ಚ್ 31 ನೆನಪುಂಟಾ? ಈಸ್ಟರ್ ಭಾನುವಾರ. ಆ ದಿನ ಕೇರಳದ ತಿರುವನಂತಪುರ, ಕೊಲ್ಲಂ, ಆಲಪ್ಪುಳ ಕಡೆ ಕಡಲು ಮನೆಗಳಿಗೆ ನುಗ್ಗಿತು. ಅದರ ಮೂಲ ಹುಡುಕಿದಾಗ ಹೈದರಾಬಾದಿನ ಇನ್‌ಕೋಯಿಸ್ ಸಂಸ್ಥೆಯವರು ಹೇಳಿದ್ದು, ಅದು ಎಂಟು ದಿನ ಮೊದಲು ಸುಮಾರು 10,000 ಕಿಲೋಮೀಟರ್ ದೂರದಲ್ಲಿ ಎದ್ದ ಬಿರುಗಾಳಿಯ ಅಲೆ ಅಂತ. ಯೋಚನೆ ಮಾಡಿ, ಗರಿಗಳ ಭಾನುವಾರಕ್ಕೆ ಮುಂಚಿನ ದಿನ ಹೊರಟ ಅಲೆ ಪುನರುತ್ಥಾನದ ಭಾನುವಾರ ದಡ ಮುಟ್ಟಿತು. ಆ ಇಡೀ ವಾರ ದಡದಲ್ಲಿ ನಿಂತು ನೋಡಿದವನಿಗೆ ಏನೂ ಕಾಣ್ತಿರಲಿಲ್ಲ.

ಕಳ್ಳ ಅಂದ ಕೂಡಲೆ ನಿಮಗೆ ಒಂದು ವಾಕ್ಯ ನೆನಪಾಗಿರಬೇಕು. 1 ಥೆಸಲೊನೀಕ 5ನೇ ಅಧ್ಯಾಯ. ಕರ್ತನ ದಿನ ರಾತ್ರಿ ಕಳ್ಳ ಬರುವ ಹಾಗೆ ಬರ್ತದೆ ಅಂತ ಪೌಲ ಬರೀತಾನೆ. ನಾವು ಪ್ರಸಂಗಿಗಳು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸಿ ಹೆದರಿಸಿ ಬಿಡ್ತೇವೆ. ಮುಂದೆ ಓದಿ, 4ನೇ ವಚನ. ನೀವು ಕತ್ತಲೆಯಲ್ಲಿ ಇಲ್ಲ, ಆದ್ದರಿಂದ ಆ ದಿನ ನಿಮ್ಮ ಮೇಲೆ ಕಳ್ಳನ ಹಾಗೆ ಬರಬಾರದು ಅಂತ ಹೇಳ್ತಾನೆ. ಯಾಕೆ? ನಿಮಗೆ ಮೊದಲೇ ಹೇಳಿ ಆಗಿದೆ! ಎರಡು ದಿನ ಮುಂಚೆ ಹೇಳಿ ಕಳಿಸಿದ ಮೇಲೂ ಬಾಗಿಲು ತೆರೆದು ಮಲಗಿದರೆ ಕಳ್ಳನನ್ನು ದೂರಿ ಪ್ರಯೋಜನ ಇಲ್ಲ. (ಸಭೆ: ಆಮೆನ್)

ಈಗ ಮೊಬೈಲಿಗೆ ಮೆಸೇಜ್ ಬರ್ತದೆ. ಹಳದಿ, ಕಿತ್ತಳೆ, ಕೆಂಪು. ಹೈದರಾಬಾದಿನಲ್ಲಿ ಕೂತವರು ಆ ಅಲೆಯನ್ನು ದಾರಿಯಲ್ಲೇ ಲೆಕ್ಕ ಹಾಕಿ ಇಂಥ ದಿನ ಇಂಥ ದಡಕ್ಕೆ ಅಂತ ಹೇಳ್ತಾರೆ. ನಮ್ಮ ಹುಡುಗರು ಹೊರಗೆ ಬಂದು ಕಡಲು ನೋಡ್ತಾರೆ, ಕಡಲು ಚೆನ್ನಾಗುಂಟು. ನಗಾಡ್ತಾರೆ. ಎಸಿ ರೂಮಿನಲ್ಲಿ ಕೂತವನಿಗೆ ಕಡಲು ಗೊತ್ತಾ ಅಂತ. ಅಣ್ಣಂದಿರೇ, ನಿಮಗೆ ಕಡಲು ಗೊತ್ತು, ಒಪ್ಪುತ್ತೇನೆ. ಕಣ್ಣಿಗೆ ಕಾಣುವಷ್ಟು ಕಡಲನ್ನು ನಿಮ್ಮಷ್ಟು ಬಲ್ಲವರು ಯಾರೂ ಇಲ್ಲ. ಈ ಅಲೆ ಹೊರಟಿರುವುದು ಅದರಾಚೆಯಿಂದ.

ಇದರಲ್ಲಿ ಇನ್ನೊಂದು ಮೋಸ ಉಂಟು. ಆಳದಲ್ಲಿ ಈ ಅಲೆ ಗೊತ್ತೇ ಆಗುವುದಿಲ್ಲ. ಉದ್ದದ ಅಲೆ, ಒಂದರಿಂದ ಇನ್ನೊಂದಕ್ಕೆ ಹದಿನೈದು ಹದಿನೆಂಟು ಸೆಕೆಂಡು. ದೋಣಿ ಮೆಲ್ಲಗೆ ಏರಿ ಮೆಲ್ಲಗೆ ಇಳೀತದೆ, ತೊಟ್ಟಿಲ ಹಾಗೆ. ನೀರು ತೆಳುವಾದಲ್ಲಿ ಅದು ಎದ್ದು ನಿಲ್ತದೆ. ಎಲ್ಲಿ? ದಡದಲ್ಲಿ, ಬಂಡೆಯ ಹತ್ತಿರ, ಅಳಿವೆ ಬಾಗಿಲಲ್ಲಿ. ಮೀನು ತುಂಬಿಸಿಕೊಂಡು, ಮನೆಯ ದೀಪ ಕಾಣುವಷ್ಟು ಹತ್ತಿರ ಬಂದು, ಅಳಿವೆಯ ಮರಳ ದಿಬ್ಬದ ಮೇಲೆ ದೋಣಿ ಮಗುಚಿದ ಸುದ್ದಿ ನೀವೆಲ್ಲ ಕೇಳಿದ್ದೀರಿ. ಇಲ್ಲಿ ಕೂತವರಲ್ಲಿ ಆ ಸುದ್ದಿ ಮನೆಗೇ ಬಂದವರಿದ್ದಾರೆ. ಹೆಸರು ಹೇಳುವುದಿಲ್ಲ.

ಪೌಲನ ಹಡಗು ಒಡೆದದ್ದು ಎಲ್ಲಿ, ನೋಡಿ. 41ನೇ ವಚನ. ಹದಿನಾಲ್ಕು ದಿನ ನಡುಸಮುದ್ರದಲ್ಲಿ ಒಡೆಯಲಿಲ್ಲ. ಅಳತೆ ಗುಂಡು ಬಿಟ್ಟು ನೋಡಿದರು, 20 ಮಾರು, ಸ್ವಲ್ಪ ಮುಂದೆ 15 ಮಾರು. ಬೆಳಗಾಯಿತು, ದಡ ಕಂಡಿತು, ಮರಳಿನ ಕೊಲ್ಲಿ ಕಂಡಿತು. ಅಲ್ಲಿ ಹಡಗಿನ ಮುಂಭಾಗ ನೆಲಕ್ಕೆ ಕಚ್ಚಿಕೊಂಡಿತು, ಹಿಂಭಾಗವನ್ನು ಅಲೆಗಳು ಹೊಡೆದು ಒಡೆದುಹಾಕಿದವು. ದಡದ ಅಲೆ ಮುರಿದ ಹಡಗು ಅದು. ಬೈಬಲ್ ಕಾಲೇಜಿನಲ್ಲಿ ಈ ಅಧ್ಯಾಯಕ್ಕೆ ನಮಗೆ ನಕಾಶೆ ತೋರಿಸಿದ್ದರು, ಗೆರೆ ಎಳೆದು ಕಲಿಸಿದ್ದರು. ಅಳಿವೆ ದಾಟಿ ಬರುವವರ ಜೊತೆ ಕೂತು ಓದಿದ ಮೇಲೆ ಆ 41ನೇ ವಚನ ನನಗೆ ನಿಜವಾಗಿ ಅರ್ಥ ಆಯಿತು.

ಈಗ ಒಂದು ಕಠಿಣ ಮಾತು. ಪ್ರಾರ್ಥನೆ ಮಾಡಿಸಿಕೊಂಡು ಹೊರಟಿದ್ದೇವೆ ಪಾಸ್ಟರ್, ನಮಗೆ ಅಲರ್ಟ್ ಇಲ್ಲ, ಕರ್ತನು ಕಾಯ್ತಾನೆ ಅಂತ ಹೇಳುವವರು ನಮ್ಮಲ್ಲೇ ಇದ್ದಾರೆ. ಇದು ನಂಬಿಕೆಯ ಮಾತಿನ ಹಾಗೆ ಕೇಳಿಸ್ತದೆ. ಸೈತಾನನು ಯೇಸುವನ್ನು ದೇವಾಲಯದ ತುದಿಗೆ ನಿಲ್ಲಿಸಿ ಏನು ಹೇಳಿದ? ಹಾರು, ದೂತರು ಹಿಡೀತಾರೆ ಅಂದ. ವಾಕ್ಯವನ್ನೇ ತೋರಿಸಿ ಹೇಳಿದ. ಯೇಸು ಹಾರಲಿಲ್ಲ. ದೇವರನ್ನು ಪರೀಕ್ಷೆ ಮಾಡಬಾರದು ಅಂದನು. ಗಾಳಿಯನ್ನು ಗದರಿಸಿದ ಕರ್ತನು, ನೀರಿನ ಮೇಲೆ ನಡೆದ ಕರ್ತನು, ಕಲ್ಲುಮೆಟ್ಟಿಲು ಇಳಿದೇ ಕೆಳಗೆ ಬಂದಿರಬೇಕು. ಹಲ್ಲೆಲೂಯಾ! ದೋಣಿಯ ಮೇಲೆ ಎಣ್ಣೆ ಹಚ್ಚಿ ಪ್ರಾರ್ಥಿಸುವುದಕ್ಕೆ ನನ್ನನ್ನು ಕರೆಯಿರಿ, ಬೆಳಿಗ್ಗೆ ಮೂರು ಗಂಟೆಗೂ ಬರ್ತೇನೆ. ಕೆಂಪು ಅಲರ್ಟ್ ಇರುವ ದಿನ ಕರೆದರೆ ಬರ್ತೇನೆ, ಪ್ರಾರ್ಥನೆಯನ್ನೂ ಮಾಡ್ತೇನೆ, ಆದರೆ ದೋಣಿಯನ್ನು ಮೇಲೆ ಎಳೆಯುವುದಕ್ಕೆ ಕೈ ಕೊಡ್ತೇನೆ.

2021ರ ಮೇ ತಿಂಗಳ ತೌಕ್ತೆ ನೆನಪು ಮಾಡಿಕೊಳ್ಳಿ. ಮೇ 14ರಂದು ಲಕ್ಷದ್ವೀಪದ ಹತ್ತಿರ ಹುಟ್ಟಿ, ನಮ್ಮ ದಡದ ಪಕ್ಕದಲ್ಲೇ ಹಾದು, 17ಕ್ಕೆ ಗುಜರಾತ್ ಮುಟ್ಟಿತು. ಮೂರೇ ದಿನ. ಮೂಲ್ಕಿಯ ಹತ್ತಿರ ಬಂಡೆಗಳ ನಡುವೆ ಸಿಕ್ಕ ಟಗ್‌ನಿಂದ 9 ಮಂದಿಯನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯವರು ಎತ್ತಿ ತಂದರು. ಮೇ ತಿಂಗಳ ಕಡಲು ಸಾಧು ಅಂತ ಇನ್ನು ಯಾರೂ ಹೇಳಬೇಡಿ.

ಧಣಿಗಳಿಗೆ, ಬೋಟಿನಲ್ಲಿ ಪಾಲು ಇರುವವರಿಗೆ ಒಂದು ಮಾತು. ಕಲಾಸಿ ಹುಡುಗ ನಿಮಗೆ ಇಲ್ಲ ಅನ್ನುವುದಿಲ್ಲ. ಅವನು ಮುಂಗಡ ತೆಗೆದುಕೊಂಡಿದ್ದಾನೆ. ಮೆಸೇಜ್ ನೋಡಿದರೂ ಸುಮ್ಮನೆ ಹತ್ತುತ್ತಾನೆ. ಆ ದಿನ ಬೇಡ ಅಂತ ಹೇಳುವ ಬಾಯಿ ನಿಮ್ಮದಾಗಬೇಕು. ಪೌಲನ ಹಡಗಿನ ಯಜಮಾನ ಒಂದು ಟ್ರಿಪ್ ಉಳಿಸಲು ಹೋಗಿ ಕೊನೆಗೆ ಗೋದಿಯನ್ನೂ ಕಳೆದುಕೊಂಡ, ಹಡಗನ್ನೂ ಕಳೆದುಕೊಂಡ. 276 ಜೀವ ಉಳಿದದ್ದು ದೇವರ ಕೃಪೆ.

ಸುಮ್ಮನೆ ಹೋಗಬೇಡಿ ಅಂದರೆ ಸಾಲದು, ನನಗೂ ಗೊತ್ತು. ಹೋಗದ ದಿನ ಒಲೆ ಉರಿಯಬೇಕು. ಪ್ರತಿ ವರ್ಷ ನಾವು ಜೂನ್ ತಿಂಗಳಿಂದ ಹಿಡಿ ಅಕ್ಕಿ ಕಾಣಿಕೆ ಎತ್ತುತ್ತೇವೆ. ಈ ಸಲ ಮುಂದಿನ ಭಾನುವಾರದಿಂದಲೇ ಎತ್ತೋಣ ಅಂತ ಹಿರಿಯರ ಹತ್ತಿರ ಮಾತಾಡಿದ್ದೇನೆ, ಒಪ್ಪಿದ್ದಾರೆ. ಸಂಬಳದವರು, ಗಲ್ಫಿನಿಂದ ಹಣ ಬರುವ ಮನೆಯವರು, ಒಂದು ಹಿಡಿಗೆ ನಿಲ್ಲಬೇಡಿ. ಅಲರ್ಟ್ ಬಂದು ದೋಣಿ ನಿಲ್ಲಿಸಿದ ಮನೆಯವರು ನಾಚಿಕೆ ಪಡದೆ ಅಕ್ಕನವರ ಹತ್ತಿರ ಹೇಳಿ. ಯಾರೂ ಹೆಸರು ಬರೆದುಕೊಳ್ಳುವುದಿಲ್ಲ. ಯುವಕರು ನಾಲ್ಕು ಜನ ನನಗೆ ಬೇಕು. ಮೆಸೇಜ್ ಬಂದ ರಾತ್ರಿ ಓದಲು ಬಾರದ ಅಜ್ಜಂದಿರ ಮನೆಗೆ ಹೋಗಿ ಹೇಳಬೇಕು, ದಡದ ದೋಣಿಗಳನ್ನು ಮೇಲೆ ಎಳೆಯಬೇಕು, ನೀರಲ್ಲಿ ಕಟ್ಟಿದ್ದನ್ನು ಒಂದಕ್ಕೊಂದು ಬಡಿಯದ ಹಾಗೆ ದೂರ ದೂರ ಕಟ್ಟಬೇಕು.

ಕೊನೆಗೆ 28ನೇ ಅಧ್ಯಾಯದ 11ನೇ ವಚನ ಒಂದೇ ಸಲ ಓದಿ. ಮೆಲೀತೆ ದ್ವೀಪದಲ್ಲಿ ಮೂರು ತಿಂಗಳು ಆದ ಮೇಲೆ ಹೊರಟರು. ಯಾವ ಹಡಗಿನಲ್ಲಿ? ಅದೇ ದ್ವೀಪದಲ್ಲಿ ಚಳಿಗಾಲ ಕಳೆದಿದ್ದ ಇನ್ನೊಂದು ಹಡಗು. ಅದೂ ಅಲೆಕ್ಸಾಂದ್ರಿಯದ್ದೇ, ಅದಕ್ಕೂ ಯಜಮಾನ ಇದ್ದ, ಅವನಿಗೂ ಖರ್ಚು ಇತ್ತು. ಅವನು ಕಾದ. ವಸಂತ ಬಂದಾಗ ಅವನ ಹಡಗು ಇತ್ತು, ಪೌಲನನ್ನು ರೋಮಿನ ದಾರಿಗೆ ಹತ್ತಿಸಿಕೊಂಡು ಹೋಯಿತು. ಅವನ ಹೆಸರು ಬೈಬಲಿನಲ್ಲಿ ಇಲ್ಲ.

ಎದ್ದು ನಿಲ್ಲೋಣ. ಈ ಹೊತ್ತು ಮಗನೋ ಗಂಡನೋ ಕಡಲಲ್ಲಿ ಇರುವ ತಾಯಂದಿರು, ಅಕ್ಕಂದಿರು ಮುಂದೆ ಬನ್ನಿ.

ತಂದೆಯೇ, ಆಳದಲ್ಲಿರುವ ಬೋಟುಗಳನ್ನು ನೀನು ಒಂದೊಂದಾಗಿ ನೋಡ್ತಾ ಇದ್ದೀ. ನಮಗೆ ಕಾಣದ ದಕ್ಷಿಣದಲ್ಲಿ ಏಳುವ ಗಾಳಿಯೂ ನಿನಗೆ ಗೊತ್ತು. ಎಚ್ಚರಿಕೆ ಕಳಿಸುವ ಮನುಷ್ಯರಿಗೆ ಜ್ಞಾನ ಕೊಡು, ಕೇಳುವುದಕ್ಕೆ ನಮ್ಮ ತಂಡೇಲರಿಗೆ ದೀನ ಮನಸ್ಸು ಕೊಡು. ಬೇಡ ಅಂತ ಹೇಳುವ ಧೈರ್ಯ ಧಣಿಗಳಿಗೆ ಕೊಡು. ಈ ತಾಯಂದಿರ ಮಕ್ಕಳು ಅಳಿವೆ ದಾಟಿ ಮನೆಗೆ ಬರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.